‘ವಾಕಿಂಗ್ ಮಾಡಿ’ ಅಂದರೆ ಸಾಕಾ?

ಬಿಪಿ ಇದೆ ಅಂತ ಗೊತ್ತಾದ ದಿನವೇ ಎಲ್ಲರಿಗೂ ಸಿಗುವ ಸಲಹೆ ಇದು: "ದಿನಾ ವಾಕಿಂಗ್ ಮಾಡಿ." ಗುಳಿಗೆ ಬರೆಯುವಾಗ ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ, ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಡುತ್ತಾರೆ. ವ್ಯಾಯಾಮದ ವಿಷಯ ಬಂದಾಗ ಮಾತ್ರ ಒಂದೇ ಮಾತು, ಅದೂ ಬಾಗಿಲ ತನಕ ಬಂದ ಮೇಲೆ. ಎಷ್ಟು ಜೋರಾಗಿ ನಡೆಯಬೇಕು? ಮಂಡಿ ನೋವಿದ್ದರೆ ಏನು ಮಾಡಬೇಕು? ತೂಕ ಎತ್ತಬಹುದಾ? ಈಜಬಹುದಾ? ಕೇಳುವುದಕ್ಕೆ ನಮಗೂ ನೆನಪಾಗುವುದಿಲ್ಲ, ಹೇಳುವುದಕ್ಕೆ ಅವರಿಗೂ ಸಮಯ ಇರುವುದಿಲ್ಲ.

ವಾಕಿಂಗ್ ಬಗ್ಗೆ ನನಗೇನೂ ತಕರಾರಿಲ್ಲ. ಖರ್ಚಿಲ್ಲ, ಸಲಕರಣೆ ಬೇಡ, ಬಿಪಿಗೆ ನಿಜವಾಗಿ ಒಳ್ಳೆಯದು. ಆದರೆ ಹತ್ತು ನಿಮಿಷ ನಡೆದರೆ ಮಂಡಿ ಊದಿಕೊಳ್ಳುವವರಿಗೆ ಈ ಸಲಹೆ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಾ? ಅವರು ನಾಲ್ಕು ದಿನ ನಡೆಯುತ್ತಾರೆ, ನೋವು ಜಾಸ್ತಿಯಾಗುತ್ತದೆ, ಬಿಡುತ್ತಾರೆ. ಆಮೇಲೆ ಮನೆಯವರಿಂದ "ಸೋಮಾರಿ" ಅಂತ ಬೈಸಿಕೊಳ್ಳುವುದು ಬೇರೆ. ಇಂಥವರಿಗೆ ನೀರು ಅಂತ ಇನ್ನೊಂದು ದಾರಿ ಇದೆ. ಅದನ್ನು ಹೇಳುವವರು ಕಡಿಮೆ. ಹೇಳಿದರೂ ನೀರಲ್ಲಿ ಓಡಾಡುವುದನ್ನು ಮಕ್ಕಳಾಟ ಅಂದುಕೊಳ್ಳುವವರೇ ಹೆಚ್ಚು.

ಅದು ಮಕ್ಕಳಾಟ ಖಂಡಿತ ಅಲ್ಲ. ಎದೆಮಟ್ಟದ ನೀರಲ್ಲಿ ಕೈಕಾಲು ಆಡಿಸದೆ ಸುಮ್ನೆ ನಿಂತುಕೊಳ್ಳಿ. ಆಗಲೇ ದೇಹದೊಳಗೆ ಕೆಲಸ ಶುರುವಾಗಿರುತ್ತದೆ. ನೀರಿನಲ್ಲಿ ಒಂದೊಂದು ಸೆಂಟಿಮೀಟರ್ ಆಳಕ್ಕೆ ಹೋದ ಹಾಗೆ ಸುಮಾರು 0.74 ಮಿಲಿಮೀಟರ್ ಪಾದರಸದಷ್ಟು ಒತ್ತಡ ಏರುತ್ತದೆ. ಅಂದರೆ 120 ಸೆಂಟಿಮೀಟರ್ ನೀರಲ್ಲಿ ನಿಂತರೆ ಪಾದದ ಸುತ್ತ ಸುಮಾರು 88. ಬಿಪಿಯನ್ನು ಅಳೆಯುವುದೂ ಇದೇ ಲೆಕ್ಕದಲ್ಲಿ ಅಲ್ವಾ? ಬಿಪಿ ಮಷೀನಿನ ಕೆಳಗಿನ ನಂಬರು ಎಷ್ಟಿರುತ್ತದೋ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಹೊರಗಿನಿಂದ ನಿಮ್ಮ ಪಾದವನ್ನು ಅಮುಕುತ್ತಿರುತ್ತದೆ. ಮೇಲೆ ಬಂದ ಹಾಗೆ ಇದು ಕಡಿಮೆಯಾಗುತ್ತದೆ. ಹಾಗಾಗಿ ಕಾಲಿನ ರಕ್ತನಾಳಗಳಲ್ಲಿ ನಿಂತಿದ್ದ ರಕ್ತ ಮೇಲಕ್ಕೆ ಸರಿಯುತ್ತದೆ. ಕುತ್ತಿಗೆವರೆಗೆ ಮುಳುಗಿದರೆ ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆಗೆ ಬಂದು ಸೇರುತ್ತದೆ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಅಷ್ಟು ರಕ್ತ ಒಟ್ಟಿಗೆ ಬಂದಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ದೇಹದಲ್ಲಿ ನೀರಿನಂಶ ಜಾಸ್ತಿಯಾಗಿದೆ ಅಂತ ಹೃದಯ ಲೆಕ್ಕ ಹಾಕುತ್ತದೆ. ಒಂದು ಹಾರ್ಮೋನ್ ಬಿಡುತ್ತದೆ. ಉಪ್ಪನ್ನೂ ನೀರನ್ನೂ ಹೊರಗೆ ಹಾಕು ಅಂತ ಅದು ಕಿಡ್ನಿಗೆ ಹೇಳುತ್ತದೆ. ಅದೇ ಹೊತ್ತಿಗೆ ಬಿಪಿ ಏರಿಸುವ ರೆನಿನ್ ಕಡಿಮೆಯಾಗುತ್ತದೆ. ಹೆಸರಿನ ಕೊನೆಗೆ ‘ಸಾರ್ಟನ್’ ಅಥವಾ ‘ಪ್ರಿಲ್’ ಅಂತ ಬರುವ ಬಿಪಿ ಗುಳಿಗೆಗಳು ಕೈ ಹಾಕುವುದೂ ಈ ರೆನಿನ್ ಶುರು ಮಾಡುವ ಸರಪಳಿಗೇ. ನೀರಿಗಿಳಿದ ಸ್ವಲ್ಪ ಹೊತ್ತಿಗೇ ಮೂತ್ರಕ್ಕೆ ಅವಸರ ಆಗುತ್ತದಲ್ಲ, ಅದಕ್ಕೂ ಇದೇ ಕಾರಣ. (ದಯವಿಟ್ಟು ಮೇಲೆ ಬಂದು ಹೋಗಿ.)

ಮಂಡಿಯ ಲೆಕ್ಕ ಇನ್ನೂ ಸರಳ. ಸೊಂಟದವರೆಗೆ ನೀರಿದ್ದರೆ ಕಾಲ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎದೆವರೆಗೆ ಇದ್ದರೆ ಮೂರನೇ ಒಂದು ಭಾಗದ ಆಸುಪಾಸು. ಭಾರ ಇಳಿದರೂ ಶ್ರಮ ಇಳಿಯುವುದಿಲ್ಲ, ಯಾಕೆಂದರೆ ಒಂದೊಂದು ಹೆಜ್ಜೆಗೂ ನೀರನ್ನು ತಳ್ಳಬೇಕು. ಅಂಗೈ ತೆರೆದು ಮುಂದೆ ತಳ್ಳಿ ನೋಡಿ, ಭುಜದವರೆಗೆ ಬಿಗಿಯುತ್ತದೆ. ಅದೇ ಅಂಗೈಯನ್ನು ಅಡ್ಡ ತಿರುಗಿಸಿದರೆ ಕೈ ಹಗುರವಾಗಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಬೇರೆ ಡಂಬೆಲ್ ಬೇಡ. ವೇಗ ಹೆಚ್ಚಿಸಿದರೆ ನೀರಿನ ತಡೆ ಅದಕ್ಕಿಂತ ಹೆಚ್ಚು ಪಟ್ಟು ಏರುತ್ತದೆ. ಕಡಿಮೆ ಮಾಡಿದರೆ ತಕ್ಷಣ ಇಳಿಯುತ್ತದೆ. ಜೋರು ಎಷ್ಟು ಬೇಕು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿ.

ಇದರಿಂದ ಬಿಪಿ ನಿಜವಾಗಿ ಇಳಿಯುತ್ತದಾ? ಬ್ರೆಜಿಲ್‌ನಲ್ಲಿ ಒಂದು ಪ್ರಯೋಗ ಆಯಿತು, 2014ರಲ್ಲಿ ಪ್ರಕಟವಾಯಿತು. ಹಲವು ಗುಳಿಗೆ ತೆಗೆದುಕೊಂಡರೂ ಹತೋಟಿಗೆ ಬಾರದ ಬಿಪಿ ಇದ್ದ 32 ಜನ. ಒಂದು ಗುಂಪು 12 ವಾರ, ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಬೆಚ್ಚಗಿನ ನೀರಲ್ಲಿ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಎಂದಿನ ಹಾಗೆ ಇತ್ತು. ದಿನವಿಡೀ ತೋಳಿಗೆ ಕಟ್ಟಿಕೊಳ್ಳುವ ಮಷೀನಿನಲ್ಲಿ ಅಳೆದಾಗ ನೀರಿಗಿಳಿದವರ ಮೇಲಿನ ನಂಬರು ಸರಾಸರಿ 137ರಿಂದ 120ಕ್ಕೆ ಇಳಿದಿತ್ತು. ತುಂಬಾ ದೊಡ್ಡ ಇಳಿಕೆ. ಆದರೆ ಜನ ಬರೀ 32, ಇಷ್ಟು ಸಣ್ಣ ಲೆಕ್ಕ ಹಿಡಿದು ಕುಣಿಯಬಾರದು. ನಾನು ಗಮನಿಸಿದ್ದು ಬೇರೆ. ಅವರು ಈಜಿರಲಿಲ್ಲ. ನೀರಲ್ಲಿ ನಿಂತು ಕೈಕಾಲು ಆಡಿಸಿದ್ದರು, ನಡೆದಿದ್ದರು. ಅಷ್ಟೇ.

ಈಜು ಅಂದರೆ ಕಥೆಯೇ ಬೇರೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 50ರಿಂದ 70 ವರ್ಷದ, ವ್ಯಾಯಾಮದ ಅಭ್ಯಾಸವಿಲ್ಲದ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಈಜು, ಇನ್ನೊಂದಕ್ಕೆ ನಡಿಗೆ. ಆರು ತಿಂಗಳಾದ ಮೇಲೆ ನೋಡಿದರೆ ನಡೆದವರಿಗಿಂತ ಈಜಿದವರ ಮೇಲಿನ ಬಿಪಿ ಸುಮಾರು 4 ಪಾಯಿಂಟ್ ಜಾಸ್ತಿ! ಇದು 2006ರ ವರದಿ. ಮತ್ತೆ 2012ರಲ್ಲಿ ಅಮೆರಿಕದ ಟೆಕ್ಸಸ್‌ನಿಂದ ಬಂದದ್ದು ಇದಕ್ಕೆ ಉಲ್ಟಾ. 50 ದಾಟಿದವರು 12 ವಾರ ಈಜಿದ ಮೇಲೆ ಮೇಲಿನ ನಂಬರು ಸರಾಸರಿ 131ರಿಂದ 122ಕ್ಕೆ ಇಳಿದಿತ್ತು. ಯಾವುದನ್ನು ನಂಬೋಣ? ನನ್ನ ಮಟ್ಟಿಗೆ ಎರಡನ್ನೂ. ಚೆನ್ನಾಗಿ ಈಜು ಬರುವವರು ನೀರಲ್ಲಿ ಆರಾಮವಾಗಿ ಉಸಿರು ಬಿಡುತ್ತಾ ಹೋಗುತ್ತಾರೆ. ವಯಸ್ಸಾದ ಮೇಲೆ ಕಲಿಯುವವರು ಉಸಿರು ಕಟ್ಟುತ್ತಾರೆ, ಕತ್ತು ಮೇಲೆತ್ತುತ್ತಾರೆ, ಮುಳುಗುವ ಭಯದಲ್ಲಿ ಮೈಯೆಲ್ಲ ಬಿಗಿ ಮಾಡಿಕೊಂಡು ನೀರಿನ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ಎರಡನ್ನೂ ಈಜು ಅಂತಲೇ ಕರೆಯುತ್ತೇವೆ, ಹೃದಯಕ್ಕೆ ಅದು ಒಂದೇ ಆಗಿರಬೇಕಿಲ್ಲ. ಹಾಗಾಗಿ ಬಿಪಿ ಇದ್ದು ಈಜು ಬಾರದವರಿಗೆ ನನ್ನ ಸಲಹೆ ಇಷ್ಟು: ಮೊದಲು ಎದೆಮಟ್ಟದ ನೀರಲ್ಲಿ ನಡೆಯಿರಿ. ಈಜು ಕಲಿಯುವುದು ಆಮೇಲೆ, ನಿಧಾನಕ್ಕೆ.

ನೀರು ಎಷ್ಟು ಬೆಚ್ಚಗಿದೆ ಅನ್ನುವುದು ಸಣ್ಣ ವಿಷಯವಲ್ಲ. ತಣ್ಣೀರಿಗೆ ಧುಮುಕಿದರೆ ಚರ್ಮದ ರಕ್ತನಾಳಗಳು ಒಮ್ಮೆಲೇ ಮುದುಡುತ್ತವೆ, ಉಸಿರು ಏದುತ್ತದೆ, ಬಿಪಿ ಜಿಗಿಯುತ್ತದೆ. ಆ ಮೊದಲ ಒಂದೆರಡು ನಿಮಿಷವೇ ಅಪಾಯ. ಸ್ಪರ್ಧೆಯ ಈಜುಕೊಳಗಳಲ್ಲಿ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ನಿಯಮ. ಜೋರಾಗಿ ಈಜುವವರಿಗೆ ಅದು ಸರಿ, ನಿಂತು ಕೈಕಾಲು ಆಡಿಸುವವರಿಗೆ ಚಳಿ. 30ರ ಮೇಲೆ ಸ್ವಲ್ಪ ಇದ್ದರೆ ಹಿತ. ಬಿಸಿ ಜಾಸ್ತಿಯಾದರೂ ಕಷ್ಟವೇ. 40 ಡಿಗ್ರಿಯ ಹಾಟ್ ಟಬ್ಬಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಅದರ ಮೇಲೆ ಗುಳಿಗೆಯ ಪರಿಣಾಮವೂ ಸೇರಿ ಎದ್ದು ನಿಂತಾಗ ತಲೆ ಗಿರ್ರನ್ನುತ್ತದೆ. ಕುಡಿದು ಇಳಿಯುವವರ ಬಗ್ಗೆ ನಾನೇನೂ ಹೇಳುವುದಿಲ್ಲ.

ಹೊರಗೆ ಬರುವ ಕ್ಷಣವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಷ್ಟು ಹೊತ್ತು ಕಾಲನ್ನು ಅಮುಕಿ ಹಿಡಿದಿದ್ದ ಒತ್ತಡ ಮೆಟ್ಟಿಲು ಹತ್ತಿದ ಹಾಗೆ ಮಾಯವಾಗುತ್ತದೆ. ರಕ್ತ ಮತ್ತೆ ಕಾಲಿಗೆ ಇಳಿಯುತ್ತದೆ. ಸೊಂಟಮಟ್ಟದ ನೀರಿಗೆ ಬಂದು ಒಂದೆರಡು ನಿಮಿಷ ಅಲ್ಲೇ ನಿಧಾನಕ್ಕೆ ಓಡಾಡಿ. ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ. ದಡಕ್ಕೆ ಬಂದ ಮೇಲೆ ಸ್ವಲ್ಪ ಕುಳಿತುಕೊಳ್ಳಿ.

ಕೈಗೆ ಸ್ಮಾರ್ಟ್ ವಾಚ್ ಕಟ್ಟಿಕೊಂಡು ನೀರಿಗಿಳಿಯುವವರಿಗೂ ಒಂದು ಮಾತು. ನೀರಲ್ಲಿ ಅಷ್ಟೇ ಶ್ರಮಕ್ಕೆ ಹೃದಯ ಬಡಿತ ನೆಲದ ಮೇಲಿನದಕ್ಕಿಂತ ಕಡಿಮೆ ತೋರಿಸುತ್ತದೆ. ಹತ್ತರ ಆಸುಪಾಸು ವ್ಯತ್ಯಾಸ ಮಾಮೂಲು. ಹೃದಯ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ, ನೆಲದಲ್ಲೂ ಅಷ್ಟೇ. ವಾಚ್ ನೋಡಿ "ಇನ್ನೂ ಸಾಲದು" ಅಂತ ಜೋರು ಮಾಡಬೇಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ಜೋರು.

ಇನ್ನು ನೆಲದ ವಿಷಯ. ನಡಿಗೆ, ಸೈಕಲ್, ಇವೆಲ್ಲ ಎಲ್ಲರಿಗೂ ಗೊತ್ತು, ಅದನ್ನೇ ಮತ್ತೆ ಬರೆಯುವುದಿಲ್ಲ. ಗೋಡೆಗೆ ಒರಗಿ ಕೂರುವ ವಾಲ್ ಸ್ಕ್ವಾಟ್ ಬಗ್ಗೆ ಮಾತ್ರ ಹೇಳಬೇಕು. 2023ರಲ್ಲಿ 270 ಪ್ರಯೋಗಗಳನ್ನು, ಅಂದರೆ 15 ಸಾವಿರಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದರು. ನಡಿಗೆ, ಓಟದಂಥವುಗಳಿಂದ ಮೇಲಿನ ಬಿಪಿ ಸರಾಸರಿ ನಾಲ್ಕೂವರೆ ಪಾಯಿಂಟ್ ಇಳಿದಿತ್ತು. ಅಲುಗಾಡದೆ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮದಿಂದ 8ಕ್ಕೂ ಹೆಚ್ಚು! ಅದರಲ್ಲೂ ವಾಲ್ ಸ್ಕ್ವಾಟ್ ಮುಂದೆ. ಸಾಮಾನ್ಯವಾಗಿ ಎರಡು ನಿಮಿಷ ಹಿಡಿದು, ನಡುವೆ ಒಂದರಿಂದ ನಾಲ್ಕು ನಿಮಿಷ ಬಿಟ್ಟು, ನಾಲ್ಕು ಸಲ ಮಾಡಿಸುತ್ತಾರೆ. ವಾರಕ್ಕೆ ಮೂರು ದಿನ. ಕೇಳಿದರೆ ಸುಲಭ. ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಜಾರಿ. ಅರ್ಧ ನಿಮಿಷಕ್ಕೆ ತೊಡೆ ಬಿಸಿಯಾಗುತ್ತದೆ. ಒಂದು ನಿಮಿಷಕ್ಕೆ ನಡುಗಲು ಶುರು. ಅಲ್ಲಿ ನಮಗೇ ಗೊತ್ತಿಲ್ಲದೆ ಹಲ್ಲು ಕಚ್ಚಿ ಉಸಿರು ಕಟ್ಟಿಬಿಡುತ್ತೇವೆ. ಬಿಪಿ ಇದ್ದವರು ಮಾಡಬಾರದ್ದು ಅದನ್ನೇ. ಬಾಯಿ ಬಿಟ್ಟು ಜೋರಾಗಿ ಎಣಿಸುತ್ತಾ ಇರಿ. ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ. ಮಂಡಿ ನೋವಿದ್ದರೆ ಪೂರ್ತಿ ಕೆಳಗೆ ಜಾರಬೇಡಿ, ಮೇಲೆಯೇ ನಿಲ್ಲಿ.

ಉಸಿರು ಕಟ್ಟುವುದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ 1985ರ ಒಂದು ಅಧ್ಯಯನ ಸಾಕು. ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ಕೊಳವೆ ಇಟ್ಟು ಅಳೆದರು. ಎರಡೂ ಕಾಲಿನಿಂದ ಭಾರಿ ತೂಕ ತಳ್ಳುವಾಗ, ಉಸಿರು ಕಟ್ಟಿದ್ದೂ ಸೇರಿ, ಬಿಪಿ ಸರಾಸರಿ 320/250ಕ್ಕೆ ಏರಿತ್ತು. ಅವರು ಗಟ್ಟಿಮುಟ್ಟಾದ ಯುವಕರು, ತಡೆದುಕೊಂಡರು. ತೂಕ ಎತ್ತಲೇಬಾರದು ಅಂತ ಇದರ ಅರ್ಥವಲ್ಲ. ಹಗುರ ತೂಕ, ಜಾಸ್ತಿ ಸಲ, ಎತ್ತುವಾಗ ಉಸಿರು ಹೊರಗೆ.

ಎಂಟೋ ಐದೋ ಪಾಯಿಂಟ್ ಇಳಿದರೆ ಏನು ಮಹಾ ಅಂತ ಕೇಳುವವರಿದ್ದಾರೆ. ಗುಳಿಗೆಗಳ ಮೇಲೆ ನಡೆದ ದೊಡ್ಡ ಪ್ರಯೋಗಗಳನ್ನು ಒಟ್ಟು ಸೇರಿಸಿ 2021ರಲ್ಲಿ ಲೆಕ್ಕ ಹಾಕಿದ್ದಾರೆ. ಮೇಲಿನ ನಂಬರು 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಥರದ ದೊಡ್ಡ ಹೊಡೆತಗಳು ಸುಮಾರು ಶೇಕಡ 10 ಕಡಿಮೆ. ಆದರೆ ನಂಬರು ಇಳಿಯಿತು ಅಂತ ನೀವೇ ಗುಳಿಗೆ ನಿಲ್ಲಿಸಬೇಡಿ. ವ್ಯಾಯಾಮ ಮುಗಿದ ಮೇಲೆ ಕೆಲವು ಗಂಟೆ ಬಿಪಿ ತಾನಾಗಿಯೇ ಕೆಳಗಿರುತ್ತದೆ. ಆಗ ಅಳೆದು ಖುಷಿಪಟ್ಟರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ, ವ್ಯಾಯಾಮಕ್ಕೂ ಮುಂಚೆ, ಐದು ನಿಮಿಷ ಸುಮ್ಮನೆ ಕುಳಿತು ಅಳೆದು ಬರೆದಿಡಿ. ಗುಳಿಗೆ ಕಡಿಮೆ ಮಾಡುವುದು ಆ ಪಟ್ಟಿ ನೋಡಿದ ಡಾಕ್ಟರ ಕೆಲಸ.

ಕೆಲವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು. ಕೂತಾಗಲೇ ಬಿಪಿ 180/110ರ ಮೇಲೆ ಇರುವವರು, ನಡೆದರೆ ಎದೆ ನೋಯುವವರು, ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿ) ಇರುವವರು. ಕೊನೆಯವರಿಗಂತೂ ಎದೆಗೆ ಬಂದು ಸೇರುವ ಆ 700 ಮಿಲಿಲೀಟರೇ ಭಾರವಾಗಬಹುದು. ನೀರಲ್ಲಿದ್ದಾಗ ಒಮ್ಮೆಲೇ ಕೆಮ್ಮು, ಏದುಸಿರು, ಬಾಯಲ್ಲಿ ನೊರೆ ಬಂದರೆ ಅದು ಸುಸ್ತಲ್ಲ, ಶ್ವಾಸಕೋಶಕ್ಕೆ ದ್ರವ ಇಳಿಯುತ್ತಿರಬಹುದು. ತಕ್ಷಣ ಮೇಲೆ ಬನ್ನಿ, ಯಾರನ್ನಾದರೂ ಕೂಗಿ, ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಬರೆದ ಮೇಲೆ ನನಗೆ ಉಳಿದಿರುವ ಸಿಟ್ಟು ಈಜುಕೊಳ ಕಟ್ಟುವವರ ಮೇಲೆ. ಎಲ್ಲ ಕೊಳಗಳೂ ವೇಗವಾಗಿ ಈಜುವವರಿಗಾಗಿಯೇ ಕಟ್ಟಿದ ಹಾಗಿರುತ್ತವೆ. ಇಳಿಯಲು ನೆಟ್ಟಗೆ ನಿಂತ ಕಬ್ಬಿಣದ ಏಣಿ. ಮಂಡಿ ನೋವಿನವರು ಅದರಲ್ಲಿ ಇಳಿಯುವುದು ಹೇಗೆ, ತಲೆ ತಿರುಗಿದಾಗ ಹತ್ತುವುದು ಹೇಗೆ? ಆಳ ಕಡಿಮೆ ಇರುವ ಕಡೆ ಮಕ್ಕಳ ಗಲಾಟೆ, ಉಳಿದ ಕಡೆ ಲೇನು. ನಡುವೆ ನಡೆಯುವವರು ಬಂದರೆ "ಅಡ್ಡ ಬರಬೇಡಿ" ಅನ್ನುವ ಸೀಟಿ. ಒಂದು ಲೇನನ್ನು ದಿನಕ್ಕೊಂದು ಗಂಟೆ ನಡೆಯುವವರಿಗೆ ಬಿಟ್ಟುಕೊಟ್ಟರೆ ಯಾರ ಗಂಟು ಹೋಗುತ್ತದೆ? ಅಗಲವಾದ ಮೆಟ್ಟಿಲು, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಇವತ್ತಿನ ನೀರು ಎಷ್ಟು ಡಿಗ್ರಿ ಅಂತ ಬರೆದ ಒಂದು ಬೋರ್ಡು. ಸದ್ಯಕ್ಕೆ ಇಷ್ಟು ಮಾಡಲಿ. ನಿಮ್ಮ ಕಡೆಯ ಕೊಳದವರನ್ನು ಕೇಳಿ ನೋಡಿ, ನಾನೂ ಕೇಳುತ್ತಿದ್ದೇನೆ.