ವಾಚ್ ಕೊಳ್ಳುವ ಮೊದಲು ಮತದಾರರ ಪಟ್ಟಿ ತೆರೆಯಿರಿ

ಬೆಂಗಳೂರಿನಲ್ಲಿರುವ ಮಕ್ಕಳು ಊರಿನ ಅಪ್ಪ-ಅಮ್ಮನಿಗೆ ‘ಬಿದ್ದರೆ ತಾನೇ ಫೋನ್ ಮಾಡುವ’ ವಾಚ್ ಕಳಿಸುವುದು ಈಗ ರೂಢಿ. ವಾಚೇನೂ ಕೆಟ್ಟದ್ದಲ್ಲ. ಆದರೆ ಹೆಚ್ಚಿನವು ಬ್ಲೂಟೂತ್ ಮೂಲಕ ಮೊಬೈಲ್ ಹತ್ತಿರವಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಮಲೆನಾಡಿನ ಮನೆಯಲ್ಲಿ ಮೊಬೈಲ್ ಇರುವುದು ಜಗಲಿಯ ಕಿಟಕಿಯಲ್ಲಿ, ಎರಡು ಕಡ್ಡಿ ಸಿಗ್ನಲ್ ಸಿಗುವ ಆ ಒಂದೇ ಜಾಗದಲ್ಲಿ. ಅಜ್ಜಿ ಕಾಲು ಜಾರುವುದು ಹಿತ್ತಿಲಿನ ಬಚ್ಚಲ ಮೆಟ್ಟಿಲಲ್ಲಿ. ನಡುವೆ ದಪ್ಪನೆಯ ಎರಡು ಮಣ್ಣಿನ ಗೋಡೆ.

ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳಲ್ಲಿ ವಯಸ್ಸಾದವರು ತಮ್ಮ ಮನೆಯಲ್ಲೇ ಇರಬೇಕು ಅಂತಾದರೆ ಮೊದಲು ಬೇಕಾದದ್ದು ಊರಿನ ಲೆಕ್ಕ. ಯಾರು ಒಂಟಿ, ಮನೆ ಎಲ್ಲಿ, ಮಳೆಗಾಲದಲ್ಲಿ ಗಾಡಿ ಎಲ್ಲಿಯವರೆಗೆ ಹೋಗುತ್ತದೆ. ಇದರ ಅರ್ಧ ಮಾಹಿತಿ ಸಾರ್ವಜನಿಕವಾಗಿಯೇ ಇದೆ, ಯಾರೂ ತೆಗೆದು ನೋಡುವುದಿಲ್ಲ ಅಷ್ಟೆ.

ಮತದಾರರ ಪಟ್ಟಿಯನ್ನೇ ತೆಗೆದುಕೊಳ್ಳಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮತಗಟ್ಟೆವಾರು ಪಿಡಿಎಫ್ ಸಿಗುತ್ತದೆ. ಪ್ರತಿಯೊಬ್ಬರ ವಯಸ್ಸು, ಮನೆ ಸಂಖ್ಯೆ ಅದರಲ್ಲಿದೆ. ಒಂದು ಮತಗಟ್ಟೆಯಲ್ಲಿ ಸಾವಿರದ ಆಸುಪಾಸು ಹೆಸರು. ಪುಟಗಳು ಹೆಚ್ಚಾಗಿ ಚಿತ್ರದ ರೂಪದಲ್ಲಿರುವುದರಿಂದ ಹುಡುಕು ಗುಂಡಿ ಉಪಯೋಗಕ್ಕೆ ಬರುವುದಿಲ್ಲ. ಇಬ್ಬರು ಕುಳಿತು, ಒಬ್ಬರು ಓದಿ ಒಬ್ಬರು ಬರೆದುಕೊಂಡರೆ 75 ದಾಟಿದವರ ಪಟ್ಟಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಆದರೆ ಆ ಪಟ್ಟಿಯನ್ನು ಹಾಗೇ ನಂಬಿದರೆ ಕೆಟ್ಟಿರಿ. ತೀರಿಹೋದವರ ಹೆಸರು ವರ್ಷಗಟ್ಟಲೆ ಉಳಿದಿರುತ್ತದೆ. ಹಳ್ಳಿಯ ಮನೆ ಸಂಖ್ಯೆಗೂ ಮನೆಗೂ ಸಂಬಂಧವೇ ಇರುವುದಿಲ್ಲ. ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ: ಬೆಂಗಳೂರಿಗೆ ಹೋದ ಮಗ, ಸೊಸೆ, ಮೊಮ್ಮಗ ಎಲ್ಲರ ವೋಟೂ ಊರಲ್ಲೇ ಇರುತ್ತದೆ. ಕಾಗದದ ಮೇಲೆ ಐದು ಜನರ ತುಂಬಿದ ಮನೆ, ಒಳಗೆ ಇರುವುದು 82ರ ಅಜ್ಜ ಒಬ್ಬರೇ. ಹಾಗಾಗಿ ಪಟ್ಟಿಯನ್ನು ಆಶಾ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್, ಡೈರಿಯಲ್ಲಿ ಹಾಲು ಅಳೆಯುವವರು, ಈ ಮೂವರ ಮುಂದಿಟ್ಟು ಒಂದೊಂದೇ ಹೆಸರು ಓದಿ. ಯಾರ ಮನೆಯಲ್ಲಿ ರಾತ್ರಿ ಯಾರಿರುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಕಂಪ್ಯೂಟರಿಗೂ ಗೊತ್ತಿಲ್ಲ.

ಮತ್ತೆ, ಆ ಪಟ್ಟಿ ದಯವಿಟ್ಟು ವಾಟ್ಸಾಪ್ ಗುಂಪಿಗೆ ಹೋಗಕೂಡದು. ಒಂಟಿಯಾಗಿರುವ ಮುದುಕರ ಹೆಸರು, ಮನೆ, ಫೋನ್ ನಂಬರ್ ಒಂದೇ ಹಾಳೆಯಲ್ಲಿ ಸಿಕ್ಕಿದರೆ ಕಳ್ಳನಿಗೆ ಬೇರೆ ಕೆಲಸವೇ ಉಳಿಯುವುದಿಲ್ಲ. ಕಾಗದದಲ್ಲಿ ಎರಡೇ ಪ್ರತಿ ಇರಲಿ, ಯಾರ ಬಳಿ ಇದೆ ಅನ್ನುವುದು ಊರಿಗೆ ಗೊತ್ತಿರಲಿ. ಹೆಸರು ಸೇರಿಸುವ ಮೊದಲು ಆ ಹಿರಿಯರನ್ನೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಇನ್ನು ವಿಳಾಸ. 108ಕ್ಕೆ ಕರೆ ಮಾಡಿದಾಗ ಆ ಕಡೆಯವರು ಎಲ್ಲೋ ದೂರದಲ್ಲಿ ಕುಳಿತಿರುತ್ತಾರೆ. ‘ಮೇಲಿನಮನೆ’ ಅಂದರೆ ಅವರಿಗೆ ಏನು ಗೊತ್ತಾಗಬೇಕು? ನಾವು ಹೇಳುವುದು ಮಜರೆಯ, ಅಂದರೆ ಊರಿನೊಳಗಿನ ಸಣ್ಣ ಕೇರಿಯ ಹೆಸರು, ದಾಖಲೆಯಲ್ಲಿರುವುದು ಕಂದಾಯ ಗ್ರಾಮದ ಹೆಸರು. ಗೂಗಲ್ ಮ್ಯಾಪ್‌ನಲ್ಲಿ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಪ್ಲಸ್ ಕೋಡ್, ಅಂದರೆ ಆ ಜಾಗವನ್ನು ಗುರುತಿಸುವ ಅಕ್ಷರ-ಅಂಕಿಗಳ ಗುರುತು ಬರುತ್ತದೆ. ಪೂರ್ತಿ ಕೋಡ್ ಸುಮಾರು 14 ಮೀಟರ್ ಚೌಕವನ್ನು ತೋರಿಸುತ್ತದೆ, ಅಂದರೆ ಮನೆ ಮತ್ತು ಅಂಗಳ. ಅದನ್ನು ಕಂದಾಯ ಗ್ರಾಮ, ಪಂಚಾಯಿತಿ, ಹೋಬಳಿ, ತಾಲ್ಲೂಕಿನ ಜೊತೆ ದಪ್ಪ ಅಕ್ಷರದಲ್ಲಿ ಬರೆದು ಫೋನ್ ಇಡುವ ಜಾಗದ ಗೋಡೆಗೆ ಅಂಟಿಸಿ. ಕೆಳಗೆ ಇನ್ನೊಂದು ಸಾಲು ಮುಖ್ಯ: ಮಳೆಗಾಲದಲ್ಲಿ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು. ನಡುವೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದ್ದರೆ ಹೊತ್ತು ತರಲು ನಾಲ್ಕು ಜನ ಬೇಕು, ಅವರ ನಂಬರೂ ಅಲ್ಲೇ ಇರಲಿ. ಆಗುಂಬೆ ಕಡೆಯವರು ಎರಡು ಆಸ್ಪತ್ರೆ ಬರೆಯಬೇಕು. ಮಣಿಪಾಲ ಹತ್ತಿರ ನಿಜ, ಆದರೆ 14 ತಿರುವಿನ ಘಾಟಿಯಲ್ಲಿ ಗುಡ್ಡ ಕುಸಿದರೆ ಶಿವಮೊಗ್ಗದ ಮೆಗ್ಗಾನ್ ಒಂದೇ ದಾರಿ, ಹತ್ತಿರ ಹತ್ತಿರ 90 ಕಿಲೋಮೀಟರ್.

ಮಳೆಯ ಎಚ್ಚರಿಕೆ ವಿಷಯದಲ್ಲಿ ನನ್ನ ತಕರಾರು ಒಂದೇ: ಜಿಲ್ಲೆಗೆಲ್ಲ ಒಂದೇ ಬಣ್ಣ ಬಳಿದರೆ ಏನು ಪ್ರಯೋಜನ? ಮಳೆ ಸುರಿಯುವ ಆಗುಂಬೆಯೂ ಶಿವಮೊಗ್ಗ ಜಿಲ್ಲೆ, ಮಳೆ ಕಡಿಮೆಯ ಶಿಕಾರಿಪುರವೂ ಶಿವಮೊಗ್ಗ ಜಿಲ್ಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅವರ ‘ವರುಣಮಿತ್ರ’ ಸಹಾಯವಾಣಿ 92433 45433 ಹಗಲೂ ರಾತ್ರಿ ಇರುತ್ತದೆ. ಹೋಬಳಿಯ ಹೆಸರು ಹೇಳಿ ಕೇಳಿ. ಬೆಳಿಗ್ಗೆ ಎಂಟೂವರೆಗೆ ಮುಗಿಯುವ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 115.6ರಿಂದ ಅತಿ ಭಾರಿ. ಮಲೆನಾಡಿಗೆ ಮೊದಲನೆಯದು ದಿನನಿತ್ಯದ ಮಾತು. ಎರಡನೆಯದನ್ನು ಮುಟ್ಟಿದ ದಿನದಿಂದ, ಪಟ್ಟಿಯಲ್ಲಿರುವವರಿಗೆ ದಿನಕ್ಕೆ ಒಂದರ ಬದಲು ಎರಡು ಕರೆ ಅಂತ ನಿಯಮ ಮಾಡಿಕೊಳ್ಳಬಹುದು.

ಕರೆ ಅಂದೆ. ಒಬ್ಬರಿಗೆ ನಾಲ್ಕೈದು ಮನೆ, ಹೆಚ್ಚು ಬೇಡ. ಬೆಳಿಗ್ಗೆ ಎಂಟಕ್ಕೆ ಫೋನ್, ‘ಕಾಫಿ ಆಯ್ತಾ ಅಜ್ಜ’ ಅಂದರೆ ಸಾಕು. ಎಂಟೂವರೆಗೂ ಎತ್ತದಿದ್ದರೆ ಹತ್ತಿರದ ಮನೆಯವರು ಹೋಗಿ ನೋಡುವುದು. ಇಡೀ ಊರಿನ ಟವರೇ ಸತ್ತ ದಿನ ಈ ನಿಯಮ ನಡೆಯುವುದಿಲ್ಲ, ಎಲ್ಲ ಮನೆಯೂ ‘ಎತ್ತದ’ ಮನೆಯೇ. ಅಂಥ ದಿನ ಹಾಲಿಗೆ ಹೋಗುವವರು ಯಾವ ಯಾವ ಮನೆಯಲ್ಲಿ ಇಣುಕಬೇಕು ಅಂತ ಮೊದಲೇ ಹಂಚಿಕೊಂಡಿರಬೇಕು.

ಟವರ್ ಸಾಯುವುದೇಕೆ? ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಡೀಸೆಲ್ ಬರುವ ದಾರಿಗೆ ಮರ ಬಿದ್ದಿರುತ್ತದೆ. ಮನೆಗೆ ಫೈಬರ್ ಬಂದಿದ್ದರೆ ಇದಕ್ಕೆ ಅರ್ಧ ಪರಿಹಾರವಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಸಿಗ್ನಲ್ ಇಲ್ಲದೆಯೂ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಆದರೆ ಫೈಬರ್ ಪೆಟ್ಟಿಗೆಗೆ ಕರೆಂಟ್ ಬೇಕು. ಅದು ತಿನ್ನುವುದು ಎಂಟು-ಹತ್ತು ವಾಟ್ ಅಷ್ಟೆ. ಅಂಗಡಿಯಲ್ಲಿ ಸಿಗುವ ಸಣ್ಣ ರೂಟರ್ ಯುಪಿಎಸ್ ಎರಡು ಗಂಟೆ ಎಳೆಯಬಹುದು, ನಮ್ಮ ಜುಲೈಗೆ ಅದು ಯಾವ ಮೂಲೆಗೆ? 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಹಾಕಿದರೆ ಆರು ಗಂಟೆ ಬರುತ್ತದೆ. ಚಾರ್ಜ್ ಆಗುವಾಗ ಆ ಬ್ಯಾಟರಿ 14 ವೋಲ್ಟ್‌ವರೆಗೆ ಏರುವುದರಿಂದ, ನಡುವೆ 12 ವೋಲ್ಟ್‌ಗೆ ಸ್ಥಿರ ಮಾಡುವ ಕನ್ವರ್ಟರ್ ಇರಲೇಬೇಕು. ನೇರ ಜೋಡಿಸಿದರೆ, ಇಲ್ಲವೇ ಪ್ಲಸ್-ಮೈನಸ್ ಅದಲುಬದಲಾದರೆ ಪೆಟ್ಟಿಗೆ ಸುಟ್ಟೀತು. ಇನ್ನೊಂದು ಲಾಭ: ಗುಡುಗು ಶುರುವಾದಾಗ ಗೋಡೆಯ ಪ್ಲಗ್ ಕಿತ್ತರೂ ಫೋನ್ ನಡೆಯುತ್ತದೆ. ಫೈಬರ್ ಗಾಜಿನದ್ದು, ಸಿಡಿಲು ಬರಲ್ಲ ಅನ್ನುವವರಿದ್ದಾರೆ. ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನ ಜೊತೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ, ಸಿಡಿಲು ಅದರ ಮೂಲಕ ಬಂದೀತು.

ಮನೆಯೊಳಗೆ ಕ್ಯಾಮೆರಾ ಇಡುವ ಬದಲು ವೈರ್‌ಲೆಸ್ ಕರೆಗಂಟೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇಂಟರ್ನೆಟ್ ಬೇಡ, ಮೊಬೈಲ್ ಬೇಡ. ಗುಂಡಿ ಬಚ್ಚಲಲ್ಲಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ. ಬಿದ್ದವರು ಎದ್ದು ನಿಂತು ಒತ್ತಲಾರರು. ಗಂಟೆ ಪಕ್ಕದ ಮನೆಯಲ್ಲೋ ಕೆಲಸದವರ ಬಿಡಾರದಲ್ಲೋ ಇರಲಿ. ಪೆಟ್ಟಿಗೆಯ ಮೇಲೆ 100 ಮೀಟರ್ ಅಂತ ಬರೆದಿದ್ದರೂ ಅದು ಬಯಲಿನ ಲೆಕ್ಕ, ಮಣ್ಣಿನ ಗೋಡೆ ದಾಟಿದರೆ ಮೂರರಲ್ಲೊಂದು ಪಾಲೂ ಉಳಿಯಲಿಕ್ಕಿಲ್ಲ. ಕೊಳ್ಳುವಾಗ ಗೋಡೆಯ ಪ್ಲಗ್ಗಿಗೆ ಚುಚ್ಚುವ ಗಂಟೆ ಬೇಡ, ಸೆಲ್ ಹಾಕುವ ಗಂಟೆ ಕೇಳಿ. ಗುಂಡಿಯ ಸೆಲ್ ಪ್ರತಿ ಮೇ ತಿಂಗಳಲ್ಲಿ ಬದಲಿಸಿ.

ಬಿದ್ದ ಮೇಲಿನ ಮಾತಾಯಿತು. ಬೀಳದಂತೆ ಮಾಡುವುದು ಅಗ್ಗ. ಹಾವಸೆ ಹಿಡಿದ ಅಂಗಳವನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಓಡಾಡಲು ಹಾಸಿದ ನುಣುಪಾದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ತೆಗೆಸಿ. ಬಚ್ಚಲ ಮೆಟ್ಟಿಲಿಗೆ ಒಂದೂವರೆ ಇಂಚಿನ ಜಿಐ ಪೈಪಿನ ಹಿಡಿಕೆ ಹಾಕಿಸಿ, 80ರಿಂದ 90 ಸೆಂಟಿಮೀಟರ್ ಎತ್ತರಕ್ಕೆ. ಮಣ್ಣಿನ ಗೋಡೆಗೆ ಫಾಸ್ಟನರ್ ಹೊಡೆದರೆ ಭಾರ ಬಿದ್ದ ದಿನ ಗೋಡೆಯ ಸಮೇತ ಕಿತ್ತು ಬರುತ್ತದೆ. ಕಂಬ ನೆಟ್ಟು ಕಾಂಕ್ರೀಟ್ ಹಾಕಿಸುವುದೇ ಸರಿ.

ಕೊನೆಗೆ ಪಿಂಚಣಿ. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳಿನ ಗುರುತನ್ನು ಯಂತ್ರ ಒಪ್ಪದೇ ಇರುವುದು ಸಾಮಾನ್ಯ. ಪಿಂಚಣಿದಾರರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಡಿಜಿಟಲ್ ಪ್ರಮಾಣಪತ್ರ ಜೀವನ್ ಪ್ರಮಾಣ್‌ಗೆ 2021ರಿಂದ ಮುಖ ತೋರಿಸುವ ದಾರಿ ಇದೆ. ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ, ಎರಡೂ ಆ್ಯಪ್ ಬೇಕು. ಮೊದಲು ಫೋನ್ ಹಿಡಿದವರ ಆಧಾರ್ ಮತ್ತು ಮುಖ, ಆಮೇಲೆ ಪಿಂಚಣಿದಾರರದ್ದು. ಹಾಗಾಗಿ ಊರಿನ ಒಬ್ಬ ಹುಡುಗಿ ಒಂದೇ ಫೋನಿನಲ್ಲಿ ಹತ್ತು ಮನೆಯದ್ದು ಮುಗಿಸಬಹುದು. ಮಳೆ ಮೋಡದ ಜಗಲಿಯಲ್ಲಿ ಬೆಳಕು ಸಾಲದೆ ವಿಫಲವಾಗುವುದೇ ಹೆಚ್ಚು. ಬಾಗಿಲಿಗೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ. ಅದೂ ಆಗದಿದ್ದರೆ ಪೋಸ್ಟ್‌ಮ್ಯಾನ್ 70 ರೂಪಾಯಿಗೆ ಮನೆಬಾಗಿಲಲ್ಲೇ ಮಾಡಿಕೊಡುತ್ತಾರೆ, ಅಂಚೆ ಕಚೇರಿಯಲ್ಲಿ ಹೇಳಿದರೆ ಸಾಕು.