ಪ್ರತಿಭಟನೆ ಬೇರೆ ದೇಶದ್ದಾದರೆ ಚೆಂದ

ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರಗೀತೆ ಬಂದರೆ ನಾನು ಎದ್ದು ನಿಲ್ಲುತ್ತೇನೆ. ಟೋಕಿಯೋದಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದಾಗ ಮನೆಯಲ್ಲಿ ಟಿವಿ ಮುಂದೆ ಎದ್ದು ನಿಂತವನು ನಾನು. ಯಾರೂ ಹೇಳಿರಲಿಲ್ಲ. ಗಂಟಲೂ ಕಟ್ಟಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಬರಹ ಅರ್ಧಕ್ಕೆ ಬರುವಷ್ಟರಲ್ಲಿ "ನಿಮಗೆ ದೇಶದ ಮೇಲೆ ಅಭಿಮಾನ ಇಲ್ವಾ" ಅಂತ ಕೇಳುವವರು ಇದ್ದೇ ಇರುತ್ತಾರೆ. ಇದೆ. ಮುಂದೆ ಹೋಗೋಣ.

ರಾಷ್ಟ್ರಗೀತೆ ನುಡಿಯುವಾಗ ಆಟಗಾರರು ಪ್ರತಿಭಟನೆ ಮಾಡಬಹುದಾ ಅಂತ ಕೇಳಿದರೆ, ಹೆಚ್ಚಿನವರು 'ಛೇ, ತಪ್ಪು' ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ ಇಲ್ಲ. ಈ ಥರದ ಪ್ರತಿಭಟನೆ ನಮಗೆಲ್ಲ ಇಷ್ಟವೇ. ಬೇರೆ ಯಾರದೋ ದೇಶದ್ದಾಗಿರಬೇಕು, ಅಷ್ಟೆ.

1968ರ ಮೆಕ್ಸಿಕೋ ಒಲಿಂಪಿಕ್ಸ್ ಅಂದರೆ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೋ. 200 ಮೀಟರ್ ಓಟದಲ್ಲಿ 19.83 ಸೆಕೆಂಡಿನ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದ ಟಾಮಿ ಸ್ಮಿತ್, ಕಂಚು ಗೆದ್ದ ಜಾನ್ ಕಾರ್ಲೋಸ್. ಇಬ್ಬರೂ ಅಮೆರಿಕದ ಕಪ್ಪುಜನರು. ತಮ್ಮ ಜನರ ಬಡತನ ತೋರಿಸಲು ಶೂ ಬಿಚ್ಚಿ, ಕಪ್ಪು ಕಾಲುಚೀಲದಲ್ಲೇ ಪೀಠ ಹತ್ತಿದರು. ತಮ್ಮ ದೇಶದ ಗೀತೆ ಶುರುವಾದ ಕೂಡಲೇ ತಲೆ ತಗ್ಗಿಸಿ, ಕಪ್ಪು ಗ್ಲೌಸ್ ಹಾಕಿದ ಮುಷ್ಟಿ ಎತ್ತಿದರು. ಗ್ಲೌಸ್ ಇದ್ದಿದ್ದು ಒಂದೇ ಜೊತೆ. ಕಾರ್ಲೋಸ್ ತನ್ನದನ್ನು ಮರೆತು ಬಂದಿದ್ದರು. ಒಬ್ಬೊಬ್ಬರು ಒಂದೊಂದು ಹಾಕಿಕೊಳ್ಳಿ ಅಂತ ಉಪಾಯ ಹೇಳಿಕೊಟ್ಟದ್ದು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಇವರಿಬ್ಬರಂತೆ ಅವರ ಎದೆಯ ಮೇಲೂ ಕಪ್ಪುಜನರ ಹಕ್ಕಿನ ಹೋರಾಟದ ಬ್ಯಾಡ್ಜ್ ಇತ್ತು. ಫೋಟೋದಲ್ಲಿ ಬೇಕಿದ್ದರೆ ಹಿಗ್ಗಿಸಿ ನೋಡಿ.

ಆಮೇಲೆ ಏನಾಯಿತು ಅಂತ ಗೊತ್ತಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಸಿಡಿದೆದ್ದರು. ಇಬ್ಬರನ್ನೂ ತಂಡದಿಂದ ಹೊರಗೆ ಹಾಕಿ ಮನೆಗೆ ಕಳಿಸಿದರು. ಕ್ರೀಡೆಯಲ್ಲಿ ರಾಜಕೀಯ ಬೆರೆಸಬಾರದು ಅನ್ನುವುದು ಬ್ರಂಡೇಜ್ ವಾದ. (1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಗೆ ಇದೇ ಮನುಷ್ಯ ಮುಖ್ಯಸ್ಥ. ಅಲ್ಲಿ ಕೈ ಚಾಚಿ ಹೊಡೆಯುತ್ತಿದ್ದ ನಾಜಿ ಸಲ್ಯೂಟು ಇವರಿಗೆ ರಾಜಕೀಯವಾಗಿ ಕಂಡಿರಲಿಲ್ಲ.)

ಈಗ ಅದೇ ಒಲಿಂಪಿಕ್ಸ್‌ನ ಇನ್ನೊಂದು ಕಥೆ. ವೇರಾ ಚಾಸ್ಲಾವ್ಸ್ಕಾ ಅಂತ ಚೆಕೊಸ್ಲೊವಾಕಿಯಾದ ಜಿಮ್ನಾಸ್ಟ್. ಒಲಿಂಪಿಕ್ಸ್‌ಗೆ ಎರಡು ತಿಂಗಳಿದೆ ಅನ್ನುವಾಗ, ಆಗಸ್ಟ್‌ನಲ್ಲಿ, ಸೋವಿಯತ್ ಟ್ಯಾಂಕುಗಳು ಅವರ ದೇಶಕ್ಕೆ ನುಗ್ಗಿದವು. ಸುಧಾರಣೆ ಬೇಕು ಅಂತ ಸಹಿ ಹಾಕಿದವರಲ್ಲಿ ಈಕೆಯೂ ಒಬ್ಬರು. ಹಾಗಾಗಿ ಬೆಟ್ಟದ ಹಳ್ಳಿಯೊಂದರಲ್ಲಿ ತಲೆಮರೆಸಿಕೊಳ್ಳಬೇಕಾಯಿತು. ಅಲ್ಲಿ ಜಿಮ್ ಎಲ್ಲಿರುತ್ತದೆ? ಮರದ ಕೊಂಬೆಗೆ ಜೋತುಬಿದ್ದು, ಆಲೂಗಡ್ಡೆ ಮೂಟೆ ಎತ್ತಿ ಅಭ್ಯಾಸ ಮಾಡಿದರು. ಹಾಗೆ ಮೆಕ್ಸಿಕೋಗೆ ಬಂದವರು ನಾಲ್ಕು ಚಿನ್ನ, ಎರಡು ಬೆಳ್ಳಿ ಗೆದ್ದರು! ಫ್ಲೋರ್ ಸ್ಪರ್ಧೆಯಲ್ಲಿ ಚಿನ್ನವನ್ನು ಸೋವಿಯತ್ ಹುಡುಗಿಯ ಜೊತೆ ಹಂಚಿಕೊಳ್ಳಬೇಕಾಗಿ ಬಂತು. ಸೋವಿಯತ್ ಗೀತೆ ಶುರುವಾದಾಗ ಚಾಸ್ಲಾವ್ಸ್ಕಾ ಸುಮ್ಮನೆ ಮುಖ ಪಕ್ಕಕ್ಕೆ ತಿರುಗಿಸಿ ಕೆಳಗೆ ನೋಡುತ್ತಾ ನಿಂತರು.

ಸ್ಮಿತ್ ಮತ್ತು ಕಾರ್ಲೋಸ್ ಕೈ ಎತ್ತಿ ಒಂಬತ್ತು ದಿನ ಕಳೆದಿತ್ತು, ಅಷ್ಟೆ. ಪಶ್ಚಿಮದವರಿಗೆ ಈಕೆ ವೀರವನಿತೆ. ಅವರಿಬ್ಬರು ದೇಶಕ್ಕೆ ಅವಮಾನ ಮಾಡಿದವರು. ಚಾಸ್ಲಾವ್ಸ್ಕಾಗೂ ಶಿಕ್ಷೆ ತಪ್ಪಲಿಲ್ಲ ಅನ್ನಿ. ವಾಪಸ್ ಹೋದಮೇಲೆ ವರ್ಷಗಟ್ಟಲೆ ಕೆಲಸ ಕೊಡಲಿಲ್ಲ. ಅವರ ದಿನ ತಿರುಗಿದ್ದು 1989ರಲ್ಲಿ ಆ ಸರ್ಕಾರ ಬಿದ್ದ ಮೇಲೆ. ಸ್ಮಿತ್ ಮತ್ತು ಕಾರ್ಲೋಸ್ ಅವರನ್ನು ಅಮೆರಿಕದ ಒಲಿಂಪಿಕ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿದ್ದು ಯಾವಾಗ ಗೊತ್ತಾ? 2019ರಲ್ಲಿ.

ಕಾಲಿನ್ ಕೇಪರ್ನಿಕ್ ಕಥೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತು. ಆದರೆ ಅದರಲ್ಲಿ ಒಂದು ಮುಖ್ಯ ಭಾಗವನ್ನು ಯಾರೂ ಹೇಳುವುದೇ ಇಲ್ಲ. ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಟ ನಡೆಸುವವನು. ಹಿಂದೊಮ್ಮೆ ತಂಡವನ್ನು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದವನು. 2016ರ ಆಗಸ್ಟ್‌ನಲ್ಲಿ ಗೀತೆಯ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತ. ಮೊದಲ ಪಂದ್ಯಗಳಲ್ಲಿ ಯಾರೂ ಗಮನಿಸಲೇ ಇಲ್ಲ! ಗಮನಕ್ಕೆ ಬಂದು ಪತ್ರಕರ್ತರು ಕೇಳಿದಾಗ, ಕಪ್ಪುಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಅಂದ. ಪೊಲೀಸರ ಕೈಯಲ್ಲಿ ಸಾಯುತ್ತಿದ್ದವರ ಬಗ್ಗೆ ಅವನ ಮಾತು.

ಆಗ ನೇಟ್ ಬಾಯರ್ ಅಂತ ಒಬ್ಬ ಅವನಿಗೆ ಬಹಿರಂಗ ಪತ್ರ ಬರೆದ. ಅಮೆರಿಕ ಸೇನೆಯ ವಿಶೇಷ ಪಡೆಯಲ್ಲಿದ್ದವನು, ಆಮೇಲೆ ಸ್ವಲ್ಪ ಕಾಲ ಫುಟ್‌ಬಾಲ್ ತಂಡದಲ್ಲೂ ಇದ್ದವನು. ನೀನು ಕೂತಿದ್ದು ನೋಡಿ ಸಿಟ್ಟು ಬಂತು, ಆದರೂ ನಿನ್ನ ಮಾತು ಕೇಳಿಸಿಕೊಳ್ಳಲು ತಯಾರಿದ್ದೇನೆ ಅನ್ನುವ ಧಾಟಿಯ ಪತ್ರ. ಕೇಪರ್ನಿಕ್ ಅವನನ್ನು ಕರೆಸಿಕೊಂಡ. ಸ್ಯಾನ್ ಡಿಯಾಗೋದ ಹೋಟೆಲಿನಲ್ಲಿ ಕೂತು ಮಾತಾಡಿದರು. ಕೂರಬೇಡ, ಮಂಡಿಯೂರು ಅಂದಿದ್ದು ಬಾಯರ್. ಸತ್ತ ಗೆಳೆಯನ ಸಮಾಧಿ ಮುಂದೆ ಸೈನಿಕರು ಹಾಗೇ ಮಂಡಿಯೂರುತ್ತಾರೆ ಅಂದ. ಸೆಪ್ಟೆಂಬರ್ 1ರ ಸಂಜೆ ಕೇಪರ್ನಿಕ್ ಮತ್ತು ಅವನ ತಂಡದ ಎರಿಕ್ ರೀಡ್ ಮಂಡಿಯೂರಿದರು. ಪಕ್ಕದಲ್ಲೇ ಬಾಯರ್, ಎದೆಯ ಮೇಲೆ ಕೈಯಿಟ್ಟು, ನೆಟ್ಟಗೆ ನಿಂತಿದ್ದ.

ಇಡೀ ಗಲಾಟೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ದೃಶ್ಯ. ಒಬ್ಬ ನಿಂತಿದ್ದಾನೆ, ಒಬ್ಬ ಮಂಡಿಯೂರಿದ್ದಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಇದೆ. ಇಬ್ಬರೂ ಪರಸ್ಪರ ಒಪ್ಪಿಲ್ಲ. ಸೈನಿಕರಿಗೆ ಅವಮಾನ ಅಂತ ವರ್ಷಗಟ್ಟಲೆ ಕಿರುಚಿದರಲ್ಲ, ಆ ಮಂಡಿಯೂರುವಿಕೆಯನ್ನು ಹೇಳಿಕೊಟ್ಟವನೇ ಒಬ್ಬ ಸೈನಿಕ. ಆದರೆ ಇದು ಯಾರಿಗೆ ಬೇಕಿತ್ತು? ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಲಬಾಮಾದ ಸಭೆಯಲ್ಲಿ ಟ್ರಂಪ್, ಇಂಥವರನ್ನು ಮೈದಾನದಿಂದ ಓಡಿಸಿ, ಕೆಲಸದಿಂದ ಕಿತ್ತುಹಾಕಿ ಅಂತ ಬಯ್ದರು. ಬಳಸಿದ ಪದ ಇಲ್ಲಿ ಬೇಡ. ಆ ಭಾನುವಾರ ಇನ್ನೂರಕ್ಕೂ ಜಾಸ್ತಿ ಆಟಗಾರರು ಮಂಡಿಯೂರಿದರು ಅಥವಾ ಕೂತರು. ಕೇಪರ್ನಿಕ್ ಮಾತ್ರ ಆ ಭಾನುವಾರ ಯಾವ ಮೈದಾನದಲ್ಲೂ ಇರಲಿಲ್ಲ. ಯಾವ ತಂಡವೂ ಅವನನ್ನು ತೆಗೆದುಕೊಂಡಿರಲಿಲ್ಲ. ಆಮೇಲೂ ತೆಗೆದುಕೊಳ್ಳಲಿಲ್ಲ.

ಅವನೇನು ದೇವರಲ್ಲ ಬಿಡಿ. ಅಭ್ಯಾಸದ ಹೊತ್ತಿನಲ್ಲಿ ಪೊಲೀಸರನ್ನು ಹಂದಿಯಂತೆ ತೋರಿಸುವ ಕಾಲುಚೀಲ ಹಾಕಿದ್ದ. ಅದು ನನಗೆ ಕೊಂಚವೂ ಇಷ್ಟವಾಗಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ವೋಟೂ ಹಾಕಲಿಲ್ಲ. ಇಷ್ಟೆಲ್ಲ ಮಾತಾಡಿ ವೋಟು ಹಾಕದವನ ಮೇಲೆ ನನಗೆ ಸಿಟ್ಟಿದೆ. ಹಾಗೇ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದವನು ಕೊಟ್ಟೂ ಕೊಟ್ಟ. ಎರಡೂ ನಿಜ.

'ಆಟದಲ್ಲಿ ರಾಜಕೀಯ ಯಾಕೆ' ಅನ್ನುವವರಿಗೆ ಇನ್ನೊಂದು ವಿಷಯ. ಮೈದಾನಕ್ಕೆ ರಾಜಕೀಯವನ್ನು ಮೊದಲು ತಂದವರು ಆಟಗಾರರಲ್ಲ. ಅಮೆರಿಕದ ಈ ಗೀತೆ ಅಧಿಕೃತ ರಾಷ್ಟ್ರಗೀತೆಯಾಗಿದ್ದೇ 1931ರಲ್ಲಿ. ಪಂದ್ಯಕ್ಕೆ ಮುಂಚೆ ತಪ್ಪದೆ ನುಡಿಸುವ ಪದ್ಧತಿ ಗಟ್ಟಿಯಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 2015ರಲ್ಲಿ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಅನ್ನುವ ಸೆನೆಟರ್‌ಗಳು ಒಂದು ವರದಿ ಹೊರತಂದರು. ಇಬ್ಬರೂ ರಿಪಬ್ಲಿಕನ್ನರು. ಮೆಕೇನ್ ಅಂತೂ ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದವರು. ಮೈದಾನದಲ್ಲಿ ಬಾವುಟ ಹಾಸುವುದು, ಸೈನಿಕರನ್ನು ಕರೆದು ಚಪ್ಪಾಳೆ ಹೊಡೆಸುವುದು, ಗೀತೆ ಹಾಡಿಸುವುದು, ಇವುಗಳಲ್ಲಿ ಎಷ್ಟೋ ಕಾರ್ಯಕ್ರಮಗಳಿಗೆ ರಕ್ಷಣಾ ಇಲಾಖೆ ತಂಡಗಳಿಗೆ ದುಡ್ಡು ಕೊಟ್ಟಿತ್ತು ಅಂತ ಆ ವರದಿ ಹೇಳಿತು. ಅಂಥ ಒಪ್ಪಂದಗಳ ಮೊತ್ತ 68 ಲಕ್ಷ ಡಾಲರ್! ದುಡ್ಡು ಕೊಟ್ಟು ಮಾಡಿಸಿದ ದೇಶಭಕ್ತಿ ರಾಜಕೀಯ ಅಲ್ಲವಂತೆ. ಒಬ್ಬ ತನ್ನ ಕೆಲಸವನ್ನೇ ಪಣಕ್ಕಿಟ್ಟು ಮಂಡಿಯೂರಿದರೆ ಅದು ರಾಜಕೀಯವಂತೆ.

2022ರ ಕತಾರ್ ವಿಶ್ವಕಪ್‌ಗೆ ಬನ್ನಿ. ನವೆಂಬರ್ 21, ಇರಾನ್ ಮತ್ತು ಇಂಗ್ಲೆಂಡ್ ಪಂದ್ಯ. ಹಿಜಾಬ್ ಸರಿಯಾಗಿ ಧರಿಸಿಲ್ಲ ಅಂತ ಪೊಲೀಸರು ಹಿಡಿದೊಯ್ದ ಮಹ್ಸಾ ಅಮಿನಿ ಅನ್ನುವ ಯುವತಿಯ ಸಾವಿನ ನಂತರ ಇರಾನಿನ ಬೀದಿಗಳು ಉರಿಯುತ್ತಿದ್ದವು. ಗೀತೆ ನುಡಿಯಿತು. ಹನ್ನೊಂದು ಜನ ಇರಾನಿ ಆಟಗಾರರು ತುಟಿ ಬಿಚ್ಚಲಿಲ್ಲ. ಮುಂದಿನ ಪಂದ್ಯದಲ್ಲಿ ಹಾಡಿದರು, ಆದರೆ ಮುಖ ನೋಡಿದರೆ ಹಾಡಿದವರ ಮುಖದಂತಿರಲಿಲ್ಲ. ಆ ದಿನ ನನ್ನ ವಾಟ್ಸ್‌ಆಪ್ ಗುಂಪುಗಳಲ್ಲಿ ಆ ವಿಡಿಯೋ ಎಷ್ಟು ಓಡಾಡಿತು ಅಂದರೆ! 'ಎಂಥ ಧೈರ್ಯ', 'ನಿಜವಾದ ಗಂಡಸರು' ಅಂತೆಲ್ಲ. ಬರೆದವರು ಯಾರು? ಸಿನಿಮಾ ಮಂದಿರದಲ್ಲಿ ಏಳದವರನ್ನು ಒದ್ದು ಹೊರಗೆ ಹಾಕಬೇಕು ಅಂತ ಬರೆಯುವ ಅದೇ ಸ್ನೇಹಿತರು. ಇರಾನಿನವರೂ ತಮ್ಮ ದೇಶದ ಗೀತೆಗೇ ಬಾಯಿ ಮುಚ್ಚಿದ್ದಲ್ವಾ? ಅಲ್ಲಿನ ಸರ್ಕಾರದ ಪರ ಇದ್ದವರಿಗೆ ಅವರೂ ದ್ರೋಹಿಗಳಾಗಿಯೇ ಕಂಡಿರುತ್ತಾರೆ.

ಕಪ್ಪುಜನರ ಹೋರಾಟಕ್ಕೆ ಬೆಂಬಲವಾಗಿ ನಮ್ಮ ಕ್ರಿಕೆಟ್ ತಂಡವೂ ಒಮ್ಮೆ ಮಂಡಿಯೂರಿದೆ. 2021ರ ಅಕ್ಟೋಬರ್ 24, ದುಬೈ, ಪಾಕಿಸ್ತಾನದ ವಿರುದ್ಧ ಟಿ20 ವಿಶ್ವಕಪ್ ಪಂದ್ಯ. ಓಪನಿಂಗ್‌ಗೆ ಬಂದ ರೋಹಿತ್ ಶರ್ಮಾ ಮತ್ತು ನಮ್ಮ ಮಂಗಳೂರಿನಲ್ಲಿ ಬೆಳೆದ ರಾಹುಲ್ ಪಿಚ್ ಹತ್ತಿರ, ಉಳಿದವರು ಬೌಂಡರಿ ಆಚೆ. ರಾಷ್ಟ್ರಗೀತೆಯ ಹೊತ್ತಿನಲ್ಲಿ ಅಲ್ಲ, ಆಟ ಶುರುವಾಗುವ ಮುಂಚೆ. ಮ್ಯಾನೇಜ್‌ಮೆಂಟ್ ಹೇಳಿತು, ಮಾಡಿದೆವು ಅನ್ನುವ ಅರ್ಥದಲ್ಲಿ ಆಮೇಲೆ ಕೊಹ್ಲಿ ಹೇಳಿದರು. ಹೇಳಿ ಮಾಡಿಸಿದ್ದು. ಯಾರಿಗೂ ಖರ್ಚಿಲ್ಲ, ಯಾರಿಗೂ ಅಪಾಯ ಇಲ್ಲ, ಮನೆಯೊಳಗಿನ ಯಾವ ಗಾಯವನ್ನೂ ಮುಟ್ಟಲಿಲ್ಲ. ನಮ್ಮಲ್ಲಿ ಜಾತಿಯ ಹೆಸರಿನಲ್ಲಿ ನಡೆಯುವುದಕ್ಕೆ ಯಾರಾದರೂ ಆಟಗಾರ ಮಂಡಿಯೂರಿದ್ದರೆ ಆಗ ನೋಡಬೇಕಿತ್ತು ಮಜಾ.

ಅದಾಗಿ ಎರಡೇ ದಿನಕ್ಕೆ ದಕ್ಷಿಣ ಆಫ್ರಿಕಾ ಕ್ರಿಕೆಟ್ ಮಂಡಳಿ ತನ್ನ ಆಟಗಾರರೆಲ್ಲರೂ ಮಂಡಿಯೂರಲೇಬೇಕು ಅಂತ ಆದೇಶ ಹೊರಡಿಸಿತು. ಕ್ವಿಂಟನ್ ಡಿ ಕಾಕ್ ಪಂದ್ಯದಿಂದಲೇ ಹಿಂದೆ ಸರಿದರು. ಆಗ ಅವರನ್ನು ಬಯ್ದವರಲ್ಲಿ ನನ್ನ ಥರ ಯೋಚಿಸುವವರೇ ಜಾಸ್ತಿ. ನಾನಂತೂ ಅವರ ಪರ. ಎದ್ದು ನಿಲ್ಲು ಅಂತ ಬಲವಂತ ಮಾಡುವುದು ತಪ್ಪಾದರೆ, ಮಂಡಿಯೂರು ಅಂತ ಬಲವಂತ ಮಾಡುವುದೂ ತಪ್ಪೇ. ಕೊನೆಗೆ ಕ್ಷಮೆ ಕೇಳಿ ಮಂಡಿಯೂರಿದರು ಪಾಪ. ಅದರಿಂದ ಯಾವ ಕಪ್ಪುಮನುಷ್ಯನಿಗೆ ಏನು ಸಿಕ್ಕಿತೋ ಕಾಣೆ.

ಬಲವಂತದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲೇ ಒಂದು ಒಳ್ಳೆಯ ತೀರ್ಪು ಕೊಟ್ಟಿದೆ. ಕೇರಳದ ಮೂವರು ಮಕ್ಕಳು, ಒಂದೇ ಮನೆಯವರು. ಶಾಲೆಯಲ್ಲಿ ಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಹಾಡದೆ ಗೌರವದಿಂದ ನಿಂತರೆ ಅದು ಅವಮಾನವಲ್ಲ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಪೀಠ. ಮೂವತ್ತು ವರ್ಷದ ಮೇಲೆ, 2016ರಲ್ಲಿ, ಅದೇ ಕೋರ್ಟು ಸಿನಿಮಾ ಮಂದಿರಗಳಲ್ಲಿ ಗೀತೆ ಹಾಕಲೇಬೇಕು ಅಂದಿತು. 2018ರ ಜನವರಿಯಲ್ಲಿ ಅದನ್ನು ತಾನೇ ಸಡಿಲಿಸಿತು. ಕೋರ್ಟು ಸಡಿಲಿಸಿದರೂ ಜನ ಸಡಿಲಿಸಬೇಕಲ್ಲ? 2019ರಲ್ಲಿ ನಮ್ಮ ಬೆಂಗಳೂರಿನ ಚಿತ್ರಮಂದಿರದಲ್ಲೇ ಕೂತವರನ್ನು ಸುತ್ತುವರಿದು ಬಯ್ದ ವಿಡಿಯೋ ನೀವೂ ನೋಡಿರುತ್ತೀರಿ. ಗೋವಾದಲ್ಲಂತೂ ಅದಕ್ಕೂ ಮುಂಚೆ, 2016ರಲ್ಲೇ, ಏಳಲು ಆಗದ, ಗಾಲಿಕುರ್ಚಿ ಬಳಸುವ ಮನುಷ್ಯನಿಗೇ ಹೊಡೆದಿದ್ದರು. 52 ಸೆಕೆಂಡಿನ ಗೀತೆ. ಅಷ್ಟು ಹೊತ್ತು ತಾವು ನೆಟ್ಟಗೆ ನಿಂತು ಮುಂದೆ ನೋಡಿದ್ದರೆ ಪಕ್ಕದವನು ಕೂತಿದ್ದು ಇವರಿಗೆ ಕಾಣುತ್ತಲೇ ಇರಲಿಲ್ಲ.

"ಪ್ರತಿಭಟಿಸಲಿ, ಬೇಡ ಅಂದವರಾರು? ಗೀತೆಯ ಹೊತ್ತಿನಲ್ಲಿ ಬೇಡ, ಬೇರೆ ಕಡೆ ಮಾಡಲಿ" ಅನ್ನುವ ಮಾತು ಕೇಳಲು ಬಹಳ ನ್ಯಾಯವಾಗಿದೆ. ನಮ್ಮ ಕುಸ್ತಿಪಟುಗಳು ಹಾಗೇ ಮಾಡಿದರಲ್ಲ. ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ. 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಮೂವರೂ ಚಿನ್ನ ಗೆದ್ದರು. ಮೂವರಿಗೂ ನಮ್ಮ ಗೀತೆ ನುಡಿಯಿತು. ಪೀಠದ ಮೇಲೆ ಸಾಕ್ಷಿಗೆ ಕಣ್ಣೀರು ಬಂದಿದ್ದನ್ನು ಎಲ್ಲರೂ ಶೇರ್ ಮಾಡಿದೆವು. ಮರುವರ್ಷ ಕುಸ್ತಿ ಫೆಡರೇಶನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರು ಹಿಡಿದು ಜಂತರ್ ಮಂತರ್‌ನಲ್ಲಿ ಕೂತರು. ಗೀತೆಗೆ ತಲೆ ತಗ್ಗಿಸಲಿಲ್ಲ, ಬಾವುಟಕ್ಕೆ ಬೆನ್ನು ತಿರುಗಿಸಲಿಲ್ಲ. ಬಾವುಟವನ್ನು ಕೈಯಲ್ಲೇ ಹಿಡಿದಿದ್ದರು. ಆಗಲೂ ಇದು ಅಶಿಸ್ತು, ದೇಶದ ಹೆಸರಿಗೆ ಧಕ್ಕೆ ಅಂದವರು ಪಿ.ಟಿ. ಉಷಾ. ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ, ನಮ್ಮ ಬಾಲ್ಯದ ಹೀರೋ. ಕೆಲವು ದಿನಗಳ ಮೇಲೆ ಅಲ್ಲಿಗೆ ಹೋಗಿ ಮಾತಾಡಿಸಿಯೂ ಬಂದರು, ಅದನ್ನೂ ಹೇಳಬೇಕು. ಮೇ 28ಕ್ಕೆ ಪೊಲೀಸರು ಆ ಚಿನ್ನದ ಪದಕದವರನ್ನು ರಸ್ತೆಯಲ್ಲಿ ಎಳೆದೊಯ್ದು ಬಸ್ಸಿಗೆ ತುಂಬಿದರು.

ಹಾಗಾದರೆ ಆ 'ಬೇರೆ ಕಡೆ' ಎಲ್ಲಿದೆ? ಕಾಮೆಂಟಿನಲ್ಲಿ ಬಯ್ಯುವವರು ಬಯ್ಯಿರಿ, ಬೇಜಾರಿಲ್ಲ. ಹಾಗೇ ಆ ಜಾಗದ ವಿಳಾಸವನ್ನೂ ಬರೆದುಬಿಡಿ.