ಸೆನೆಟ್ ಸಭೆ, ಸಿಂಡಿಕೇಟ್ ಫೋನು

ಮರಾಠಿಯಲ್ಲಿ ‘ಕುಲಪತಿ’ ಎಂದರೆ ರಾಜ್ಯಪಾಲರು, ‘ಕುಲಗುರು’ ಎಂದರೆ ವೈಸ್ ಚಾನ್ಸಲರ್. ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ ಬಹುಕಾಲದಿಂದ ಕುಲಪತಿ ಎಂದರೆ ವೈಸ್ ಚಾನ್ಸಲರ್, ರಾಜ್ಯಪಾಲರು ಕುಲಾಧಿಪತಿ. ಮರಾಠಿ ಪ್ರಕಟಣೆಯನ್ನು ಮುಂಬಯಿಯ ಕನ್ನಡ ಪತ್ರಿಕೆಗೆ ಅವಸರದಲ್ಲಿ ಇಳಿಸುವಾಗ ಇಲ್ಲಿ ಎಡವಿದರೆ, ‘ಕುಲಪತಿಗಳು ವಿವರಣೆ ಕೇಳಿದ್ದಾರೆ’ ಎಂಬ ಸಾಲಿನಲ್ಲಿ ಪ್ರಶ್ನೆ ಕೇಳಿದವರೂ ಉತ್ತರ ಕೊಡಬೇಕಾದವರೂ ಒಬ್ಬರೇ ಆಗಿಬಿಡುತ್ತಾರೆ. ಇಂಥವು ಇನ್ನೂ ಇವೆ. ಇಲ್ಲಿಯ ‘ವಿದ್ಯಾಪೀಠ’ ನಮ್ಮ ವಿಶ್ವವಿದ್ಯಾಲಯ, ‘ಸಂಲಗ್ನಿತ’ ನಮ್ಮ ಸಂಯೋಜಿತ, ‘ವಿನಾಅನುದಾನಿತ’ ನಮ್ಮ ಅನುದಾನರಹಿತ. ‘ತಾಸಿಕಾ ತತ್ತ್ವ’ದ ಪ್ರಾಧ್ಯಾಪಕರು ಎಂದರೆ ತಾಸಿನ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು, ಹೆಚ್ಚುಕಡಿಮೆ ನಮ್ಮ ಅತಿಥಿ ಉಪನ್ಯಾಸಕರು. ಉನ್ನತ ಶಿಕ್ಷಣದ ಬೀಟಿಗೆ, ಅಂದರೆ ವಿಶ್ವವಿದ್ಯಾಲಯ, ಕಾಲೇಜುಗಳ ಸುದ್ದಿ ಬರೆಯುವ ಕೆಲಸಕ್ಕೆ, ಹೊಸದಾಗಿ ಬಂದವರು ಮೊದಲ ವಾರದಲ್ಲೇ ಇಂಥ ಪದಪಟ್ಟಿಯೊಂದನ್ನು ಕೈಯಾರೆ ಬರೆದಿಟ್ಟುಕೊಳ್ಳಬೇಕು.

ಮುಂಬಯಿಯಲ್ಲಿ ಕುಳಿತು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಶಿಕ್ಷಣ ಸುದ್ದಿ ಓದುವ ನನಗೆ ಅನಿಸಿದ್ದು ಇಷ್ಟು: ಇಲ್ಲಿಯ ವರದಿಗಾರರು ದಾಖಲೆಯ ಕಾಗದ ಹಿಡಿದು ಬರೆಯುತ್ತಾರೆ, ನಮ್ಮ ಕಡೆಯವರು ಜನರನ್ನು ಹಿಡಿದು ಬರೆಯುತ್ತಾರೆ. ಎರಡೂ ಬೇಕು. ಆದರೆ ಕರ್ನಾಟಕದ ಪತ್ರಿಕೆಗಳಲ್ಲಿ ಕಾಗದದ ಅಭ್ಯಾಸ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಅಲ್ಲಿಯ ವರದಿಗಾರರ ಸಾಮರ್ಥ್ಯದ ಪ್ರಶ್ನೆಯಲ್ಲ. ಬಹುಪಾಲು ಕಾನೂನಿನ ಪರಿಣಾಮ.

ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ 2016ರ ಕಾಯ್ದೆಯಲ್ಲಿ ಸೆನೆಟ್, ಅಂದರೆ ವಿಶ್ವವಿದ್ಯಾಲಯದ ದೊಡ್ಡ ಪ್ರತಿನಿಧಿ ಸಭೆ, ಇದೆ. ಪದವೀಧರರು, ಅಧ್ಯಾಪಕರು, ಪ್ರಾಂಶುಪಾಲರು, ಆಡಳಿತ ಮಂಡಳಿಯವರು ತಂತಮ್ಮ ಪ್ರತಿನಿಧಿಗಳನ್ನು ಅಲ್ಲಿಗೆ ಚುನಾಯಿಸಿ ಕಳಿಸುತ್ತಾರೆ. ಮುಂಬಯಿ ವಿಶ್ವವಿದ್ಯಾಲಯದ ಪದವೀಧರ ಕ್ಷೇತ್ರದ 10 ಸ್ಥಾನಗಳಿಗೆ ರಾಜಕೀಯ ಪಕ್ಷಗಳ ಯುವ ಘಟಕಗಳು ಹಣಾಹಣಿಗೆ ಇಳಿಯುತ್ತವೆ. ಪದೇ ಪದೇ ಮುಂದಕ್ಕೆ ಹೋಗಿ 2024ರ ಸೆಪ್ಟೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಹತ್ತನ್ನೂ ಉದ್ಧವ್ ಠಾಕ್ರೆ ಬಣದ ಶಿವಸೇನೆಯ ಯುವ ಘಟಕವಾದ ಯುವಸೇನೆ ಗೆದ್ದಿತು. ಕರ್ನಾಟಕದಲ್ಲಿ 1976ರ ಕಾಯ್ದೆಯಲ್ಲಿದ್ದ ಸೆನೆಟ್ 2000ದ ಕಾಯ್ದೆಯಲ್ಲಿ ಉಳಿಯಲಿಲ್ಲ. ಈಗ ಇರುವುದು ಆಡಳಿತ ನಡೆಸುವ ಸಣ್ಣ ಮಂಡಳಿಯಾದ ಸಿಂಡಿಕೇಟ್, ಅದರಲ್ಲಿ ಸರ್ಕಾರ ಮತ್ತು ರಾಜ್ಯಪಾಲರು ನಾಮನಿರ್ದೇಶನ ಮಾಡಿದ ಸದಸ್ಯರು. ಸಭೆ ನಡೆಯುವುದು ಮುಚ್ಚಿದ ಬಾಗಿಲಿನ ಒಳಗೆ.

ಇದರಿಂದ ವರದಿಗಾರನ ದಿನಚರಿಯೇ ಬದಲಾಗುತ್ತದೆ. ಮುಂಬಯಿಯಲ್ಲಿ ಮಾರ್ಚ್ ತಿಂಗಳ ಸೆನೆಟ್ ಸಭೆಗೆ ವಿಶ್ವವಿದ್ಯಾಲಯದ ಬಜೆಟ್ ಬರುತ್ತದೆ. ಒಳ್ಳೆಯ ವರದಿಗಾರ ಭಾಷಣಗಳನ್ನು ಕೊನೆಗೆ ನೋಡುತ್ತಾನೆ. ಮೊದಲು ನೋಡುವುದು ಬಜೆಟ್ ಪುಸ್ತಕದ ಎರಡು ಅಂಕಣ, ಕಳೆದ ವರ್ಷದ ಮೂಲ ಅಂದಾಜು ಮತ್ತು ಅದೇ ವರ್ಷದ ಪರಿಷ್ಕೃತ ಅಂದಾಜು. ಹಾಸ್ಟೆಲ್ ಕಟ್ಟಡಕ್ಕೆಂದು ತೆಗೆದಿಟ್ಟ ಹಣ ಪರಿಷ್ಕೃತದಲ್ಲಿ ಕಾಲುಭಾಗಕ್ಕೆ ಇಳಿದಿದ್ದರೆ ಸುದ್ದಿ ಅಲ್ಲಿದೆ, ಈ ವರ್ಷ ಮತ್ತೆ ಘೋಷಿಸಿದ ಹೊಸ ಮೊತ್ತದಲ್ಲಿ ಇಲ್ಲ. ಆಮೇಲೆ ಸದಸ್ಯರ ಪ್ರಶ್ನೆಗಳಿಗೆ ಕೊಟ್ಟ ಲಿಖಿತ ಉತ್ತರಗಳು. ಮರುಮೌಲ್ಯಮಾಪನಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟರಲ್ಲಿ ಅಂಕ ಬದಲಾಯಿತು, ಎಷ್ಟು ಹುದ್ದೆ ಖಾಲಿ ಇವೆ ಎಂಬುದೆಲ್ಲ ಸಹಿಯೊಡನೆ ಬರುವುದು ಅಲ್ಲೇ. ಹಿಂದಿನ ಸಭೆಯ ನಿರ್ಣಯಗಳ ಮೇಲೆ ಕೈಗೊಂಡ ಕ್ರಮದ ವರದಿಯನ್ನು ಯಾರೂ ಓದುವುದಿಲ್ಲ. ಓದಿದವನಿಗೆ ಅದರಲ್ಲಿ ಎರಡು ವಾರಕ್ಕೆ ಸಾಕಾಗುವಷ್ಟು ಸುದ್ದಿ ಸಿಗುತ್ತದೆ.

ಕರ್ನಾಟಕದ ವರದಿಗಾರ ಸಿಂಡಿಕೇಟ್ ಸಭೆ ಮುಗಿಯುವವರೆಗೆ ಹೊರಗೆ ಕಾಯಬೇಕು, ಅಥವಾ ರಾತ್ರಿ ಎಂಟಕ್ಕೆ ಸದಸ್ಯರಿಗೆ ಫೋನು ಹಚ್ಚಬೇಕು. ಫೋನಿನಲ್ಲಿ ಮಾತಾಡುವ ಸದಸ್ಯನಿಗೆ ಅವನದೇ ಲೆಕ್ಕಾಚಾರ ಇರುತ್ತದೆ. ತಾನು ವಿರೋಧಿಸಿದ ವಿಷಯವನ್ನು ಹೇಳುತ್ತಾನೆ, ತಾನು ಒಪ್ಪಿ ಸಹಿ ಮಾಡಿದ ಟೆಂಡರನ್ನು ಹೇಳುವುದಿಲ್ಲ. ಹಾಗಾಗಿ ‘ಮೂಲಗಳು ತಿಳಿಸಿವೆ’ ಎಂಬ ಸುದ್ದಿ ಮರುದಿನ ಬರುತ್ತದೆ, ಮೂರನೆಯ ದಿನ ಸತ್ತುಹೋಗುತ್ತದೆ. ಇದಕ್ಕೆ ಮದ್ದು ನಡಾವಳಿ, ಅಂದರೆ ಸಭೆಯ ಲಿಖಿತ ದಾಖಲೆ. ಕೆಲವು ವಿಶ್ವವಿದ್ಯಾಲಯಗಳು ಅದನ್ನು ತಮ್ಮ ಜಾಲತಾಣದಲ್ಲೇ ಹಾಕುತ್ತವೆ. ಹಾಕದ ಕಡೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಎರಡೂ ರಾಜ್ಯಗಳ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಕಳೆದ ಐದು ವರ್ಷಗಳ ಎಲ್ಲ ನಡಾವಳಿ, ಖರೀದಿ, ನೇಮಕಾತಿ ವಿವರ’ ಎಂದು ಒಂದೇ ಉಸಿರಿಗೆ ಕೇಳಿದ ಅರ್ಜಿ ಈ ಕಾರಣಕ್ಕೇ ವಾಪಸ್ ಬರುತ್ತದೆ. ಸಭೆಯ ತಾರೀಕು ಹಾಕಿ, ಆ ಒಂದು ಸಭೆಯ ನಡಾವಳಿ ಮತ್ತು ಅದಕ್ಕೆ ಲಗತ್ತಿಸಿದ ಕಾರ್ಯಸೂಚಿ ಟಿಪ್ಪಣಿ ಎಂದಷ್ಟೇ ಕೇಳಬೇಕು. ಟಿಪ್ಪಣಿ ಕೇಳಲು ಮರೆತರೆ ‘ಅನುಮೋದಿಸಲಾಯಿತು’ ಎಂಬ ಒಂದೇ ಪದ ಕೈಗೆ ಬರುತ್ತದೆ.

ಊರಿನ ನಕ್ಷೆಯೂ ಕೆಲಸವನ್ನು ತಿದ್ದುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಫೋರ್ಟ್ ಕಚೇರಿ, ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಸೆಲ್, ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ, ರಾಜ್ಯದ ಸಚಿವಾಲಯವಾದ ಮಂತ್ರಾಲಯ ಎಲ್ಲವೂ ದಕ್ಷಿಣ ಮುಂಬಯಿಯಲ್ಲಿ, ಒಂದು ಮಧ್ಯಾಹ್ನ ತಿರುಗಿ ಮುಗಿಸುವಷ್ಟು ಹತ್ತಿರ. ಪರೀಕ್ಷಾ ವಿಭಾಗಕ್ಕೆ ಮಾತ್ರ ಉಪನಗರದ ಕಲಿನಾ ಕ್ಯಾಂಪಸ್ಸಿಗೆ ಹೋಗಬೇಕು. ಇಲ್ಲಿ ಕಲೆ, ಕಾನೂನು, ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಬಹುಪಾಲು ಒಂದೇ ವಿಶ್ವವಿದ್ಯಾಲಯದ ಕೆಳಗೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ 1998ರಿಂದ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ವೈದ್ಯಕೀಯ 1996ರಿಂದ ಜಯನಗರದ ರಾಜೀವ್ ಗಾಂಧಿ ವಿಶ್ವವಿದ್ಯಾಲಯ, ಸಿಇಟಿ ಮಲ್ಲೇಶ್ವರದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ ಮೂರಾಯಿತು. ಇಷ್ಟನ್ನೂ ಒಬ್ಬ ವರದಿಗಾರನ ತಲೆಗೆ ಕಟ್ಟುವುದು ಅನ್ಯಾಯ. ಕನಿಷ್ಠ ವೃತ್ತಿಶಿಕ್ಷಣಕ್ಕೆ ಒಬ್ಬರು, ಸಾಮಾನ್ಯ ಪದವಿಗೆ ಒಬ್ಬರು ಬೇಕು.  

ಕಾಗದದ ಅಭ್ಯಾಸ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ 2017ರ ಮುಂಬಯಿ ಉದಾಹರಣೆ. ಆ ವರ್ಷ ಬೇಸಿಗೆ ಪರೀಕ್ಷೆಯ 17 ಲಕ್ಷಕ್ಕೂ ಹೆಚ್ಚು ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುವ ವ್ಯವಸ್ಥೆಯನ್ನು ಒಂದೇ ಏಟಿಗೆ ತಂದರು. ಕಾಯ್ದೆಯ ಪ್ರಕಾರ ಕೊನೆಯ ಪರೀಕ್ಷೆಯಿಂದ 30 ದಿನದಲ್ಲಿ, ಹೆಚ್ಚೆಂದರೆ 45 ದಿನದಲ್ಲಿ ಫಲಿತಾಂಶ ಬರಬೇಕು. ರಾಜ್ಯಪಾಲರು ಕೊಟ್ಟ ಜುಲೈ 31ರ ಗಡುವೂ ದಾಟಿತು. ಅಕ್ಟೋಬರಿನಲ್ಲಿ ವೈಸ್ ಚಾನ್ಸಲರನ್ನು ವಜಾ ಮಾಡಿದರು. ಇಂಥ ಸುದ್ದಿಯಲ್ಲಿ ವರದಿಗಾರನ ಆಯುಧ ಒಂದು ಸಣ್ಣ ಭಾಗಾಕಾರ: ತಿದ್ದಲು ಉಳಿದ ಪತ್ರಿಕೆಗಳನ್ನು ದಿನಕ್ಕೆ ತಿದ್ದುವ ಸಂಖ್ಯೆಯಿಂದ ಭಾಗಿಸಬೇಕು. ಮೂರು ಲಕ್ಷ ಉಳಿದಿದ್ದು, ದಿನಕ್ಕೆ ಹದಿನೈದು ಸಾವಿರ ತಿದ್ದುತ್ತಿದ್ದರೆ ಇಪ್ಪತ್ತು ದಿನ. ಅಧಿಕಾರಿ ‘ಇನ್ನೊಂದು ವಾರ’ ಎಂದರೆ ಅವರ ಮಾತನ್ನೂ ಈ ಲೆಕ್ಕವನ್ನೂ ಅಕ್ಕಪಕ್ಕ ಅಚ್ಚು ಹಾಕಿದರಾಯಿತು. ಭಾನುವಾರ, ಹಬ್ಬದ ರಜೆಗಳನ್ನು ಲೆಕ್ಕಕ್ಕೆ ಸೇರಿಸಲು ಮರೆಯಬಾರದು. ತಿದ್ದಿದ ಮೇಲೆ ಮಾಡರೇಶನ್ (ತಿದ್ದಿದ್ದನ್ನು ಮತ್ತೊಬ್ಬರು ಪರಿಶೀಲಿಸುವುದು), ಅಂಕ ಸೇರಿಸುವ ಕೆಲಸ ಬೇರೆ ಇರುತ್ತದೆ. ಬಹಳ ವರದಿಗಳು ತಪ್ಪುವುದು ತಿದ್ದುವುದು ಮುಗಿಯಿತೆಂದರೆ ಫಲಿತಾಂಶ ಬಂತೆಂದುಕೊಳ್ಳುವಲ್ಲಿ.

ಪ್ರವೇಶದ ಋತುವಿನಲ್ಲಿ ತಪ್ಪುಗಳು ಇನ್ನೂ ಹೆಚ್ಚು. ಮಹಾರಾಷ್ಟ್ರದ ಎಂಎಚ್‌ಟಿ ಸಿಇಟಿ (ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆ) ಹಲವು ಪಾಳಿಗಳಲ್ಲಿ ಕಂಪ್ಯೂಟರ್ ಮೇಲೆ ನಡೆಯುತ್ತದೆ, ಹಾಗಾಗಿ ಅಂಕದ ಬದಲು ಪರ್ಸೆಂಟೈಲ್ ಕೊಡುತ್ತಾರೆ. 95 ಪರ್ಸೆಂಟೈಲ್ ಎಂದರೆ ನೂರಕ್ಕೆ 95 ಮಂದಿ ಆ ವಿದ್ಯಾರ್ಥಿಯಷ್ಟೇ ಅಥವಾ ಕಡಿಮೆ ಪಡೆದಿದ್ದಾರೆ ಎಂದರ್ಥ. ಅದನ್ನು ‘ಶೇ 95 ಅಂಕ’ ಎಂದು ಬರೆದರೆ ಪೂರ್ತಿ ಸುಳ್ಳು. ಕರ್ನಾಟಕದ ಸಿಇಟಿಯಲ್ಲಿ ವಿಷಯಕ್ಕೆ 60 ಅಂಕ, ಒಎಂಆರ್ ಹಾಳೆ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರುತ್ತದೆ. ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ತರಗತಿಯ ಅಂಕ ಅರ್ಹತೆಗೆ ಮಾತ್ರ. ಕರ್ನಾಟಕದಿಂದ ಪುಣೆಗೆ ಮಗಳನ್ನು ಕಳಿಸುವ ತಂದೆ ಎರಡೂ ಕಡೆಯ ಸಂಖ್ಯೆ ಹೋಲಿಸಿ ಕಂಗಾಲಾಗುವುದು ಈ ವ್ಯತ್ಯಾಸವನ್ನು ಪತ್ರಿಕೆ ಬಿಡಿಸಿ ಹೇಳದೆ ಇರುವುದರಿಂದ.

ಪ್ಯಾಕೇಜ್ ಸುದ್ದಿಯ ಬಗ್ಗೆ ನನಗೆ ಸಿಟ್ಟೇ ಇದೆ. ಕಾಲೇಜು ಕಳಿಸಿದ ಪ್ರಕಟಣೆಯಲ್ಲಿ ಒಬ್ಬ ವಿದ್ಯಾರ್ಥಿಯ ಗರಿಷ್ಠ ವೇತನ ಶೀರ್ಷಿಕೆಯಾಗುತ್ತದೆ. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕಕ್ಕೆ ಅರ್ಜಿ ಹಾಕಿದ ಅದೇ ಕಾಲೇಜು ತನ್ನ ಜಾಲತಾಣದಲ್ಲಿ ಹಾಕಲೇಬೇಕಾದ ದಾಖಲೆ ಒಂದಿದೆ: ಒಂದು ವರ್ಷದ ವಿದ್ಯಾರ್ಥಿ ತಂಡಕ್ಕೆ ಸೇರಿದವರು ಎಷ್ಟು, ಸಮಯಕ್ಕೆ ಪಾಸಾದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಅವರ ಮಧ್ಯಾಂಕ ವೇತನ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಮೊತ್ತ) ಎಷ್ಟು. ಹತ್ತು ನಿಮಿಷದ ಕೆಲಸ. ಅದನ್ನು ನೋಡದೆ ಪ್ಯಾಕೇಜ್ ಸುದ್ದಿಯನ್ನು ಅಚ್ಚಿಗೆ ಬಿಡಬಾರದು ಎಂದು ಪತ್ರಿಕೆಯ ಡೆಸ್ಕ್ ನಿಯಮ ಮಾಡಬೇಕು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಶ್ರೇಣಿಗೂ ಇದೇ ಮಾತು. ಮುಂಬಯಿ ವಿಶ್ವವಿದ್ಯಾಲಯ 2021ರಲ್ಲಿ 3.65 ಅಂಕದೊಡನೆ ಎ ಪ್ಲಸ್ ಪ್ಲಸ್ ಪಡೆಯಿತು. ಆಗಿನ ಪದ್ಧತಿಯಲ್ಲಿ ಆ ಶ್ರೇಣಿ 3.51ರಿಂದ ಶುರು, ಬರಿಯ ಎ ಶ್ರೇಣಿ 3.01ರಿಂದ 3.25. ಎರಡನ್ನೂ ‘ಎ ಶ್ರೇಣಿ’ ಎಂದರೆ ಅಂತರ ಅಳಿಸಿಹೋಗುತ್ತದೆ. ಅವಧಿ ಮುಗಿದ ಶ್ರೇಣಿಯನ್ನು ಜಾಹೀರಾತಿನಲ್ಲಿ ತೋರಿಸುವ ಕಾಲೇಜುಗಳಿವೆ. ಮಾನ್ಯತೆಯ ಕೊನೆಯ ತಾರೀಕು ಕೇಳಬೇಕು. ನ್ಯಾಕ್ ಕಚೇರಿ ಇರುವುದೇ ಬೆಂಗಳೂರಿನ ನಾಗರಭಾವಿಯಲ್ಲಿ, ಕನ್ನಡ ಪತ್ರಿಕೆಗಳಿಗೆ ಅದು ಮನೆಯಂಗಳ.

ಜೂನ್ ತಿಂಗಳ ಪುಟಗಳಲ್ಲಿ ಜಾಹೀರಾತು ಸುದ್ದಿಯ ವೇಷದಲ್ಲಿ ಬರುವುದು ಎರಡೂ ಕಡೆ ಒಂದೇ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮುಂಬಯಿಯ ಕನ್ನಡ ಪತ್ರಿಕೆಗಳು ಮಾಡಬಹುದಾದ, ಬೇರೆಯವರು ಮಾಡದ ಒಂದು ಕೆಲಸವಿದೆ. ಇಲ್ಲಿ ಹನ್ನೊಂದನೆಯ ತರಗತಿಗೆ ಕೇಂದ್ರೀಕೃತ ಆನ್‌ಲೈನ್ ಪ್ರವೇಶ ನಡೆಯುತ್ತದೆ. ಕರ್ನಾಟಕದ ಪಿಯುಗೆ ಆ ಪದ್ಧತಿ ಇಲ್ಲ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳಲ್ಲಿ ಶೇ 50ರಷ್ಟು ಸೀಟು ಆ ಭಾಷೆಯವರಿಗೆ. ಬಂಟರ ಸಂಘ, ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥವರು ಶಾಲೆ ಕಾಲೇಜು ನಡೆಸುತ್ತಿರುವ ಊರಿದು. ಕೋಟಾದಲ್ಲಿ ತುಂಬದ ಸೀಟುಗಳನ್ನು ಕಾಲೇಜು ಸಾಮಾನ್ಯ ಸುತ್ತಿಗೆ ಒಪ್ಪಿಸಿದ ಮೇಲೆ ಆ ಅವಕಾಶ ಹೋಯಿತು. ಕೋಟಾ ಅರ್ಜಿಯ ದಿನಗಳು ಕಡಿಮೆ, ಅದರ ವೇಳಾಪಟ್ಟಿ ಸಾಮಾನ್ಯ ಸುತ್ತಿನ ಪಕ್ಕದಲ್ಲೇ ಓಡುತ್ತಿರುತ್ತದೆ. ಮಹಾರಾಷ್ಟ್ರದ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಮಾತೃಭಾಷೆಯ ಕಾಲಂ ಇದೆ. ಅಲ್ಲಿ ತುಳು ಅಥವಾ ಕೊಂಕಣಿ ಎಂದಿದ್ದು ಕಾಲೇಜು ಕನ್ನಡ ಅಲ್ಪಸಂಖ್ಯಾತ ಎಂದು ನೋಂದಾಯಿಸಿಕೊಂಡಿದ್ದರೆ ಏನು ದಾಖಲೆ ಬೇಕು ಎಂದು ಮೇ ತಿಂಗಳಲ್ಲೇ ಕಾಲೇಜುವಾರು ಕೇಳಿ ಒಂದು ಪುಟ ಮಾಡಿದರೆ ಡೊಂಬಿವಲಿ, ಭಾಂಡುಪ್‌ನ ಮನೆಗಳಲ್ಲಿ ಆ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಮುಂಬಯಿಯವರು ನಮ್ಮಿಂದ ಕಲಿಯಬೇಕಾದದ್ದೂ ಸಣ್ಣದಲ್ಲ. ಕರ್ನಾಟಕದಲ್ಲಿ ತಾಲ್ಲೂಕು ಕೇಂದ್ರಗಳವರೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಾರೆ. ಅವರ ಗೌರವಧನ, ಧರಣಿ, ಕೌನ್ಸೆಲಿಂಗ್ ವಿಳಂಬವನ್ನು ಕನ್ನಡದ ಜಿಲ್ಲಾ ವರದಿಗಾರರು ವರ್ಷವರ್ಷವೂ ಬಿಡದೆ ಬರೆಯುತ್ತಾರೆ. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಶುರುವಾಗದಿದ್ದರೆ ಕನ್ನಡ ಪತ್ರಿಕೆಯಲ್ಲಿ ಅದು ಸುದ್ದಿ. ಇಲ್ಲಿ ತಾಸಿಕಾ ತತ್ತ್ವದವರ ಬದುಕು ಮರಾಠಿ ಪತ್ರಿಕೆಗಳಲ್ಲಾದರೂ ಬರುತ್ತದೆ, ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಪರೂಪ. 2024ರ ಏಪ್ರಿಲ್ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದಾಗ ಉಪನ್ಯಾಸಕರು ವಿಷಯವಾರು ಎಣಿಸಿ ತೋರಿಸಿದರು, ಪತ್ರಿಕೆಗಳು ಆ ಲೆಕ್ಕವನ್ನು ಹಿಡಿದು ನಿಂತವು. ಕೊನೆಗೆ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಜನರನ್ನು ಹಿಡಿದು ಬರೆಯುವ ಪದ್ಧತಿಯ ಬಲ ಅದು.

ಕರ್ನಾಟಕದ ಕಾಲೇಜುಗಳ ಹರವನ್ನು ನೋಡಿದರೆ ಈ ಬೀಟಿಗೆ ಸಿಗುವ ಜಾಗ ಏನೇನೂ ಸಾಲದು. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 4,692 ಕಾಲೇಜು, ಕರ್ನಾಟಕದಲ್ಲಿ 4,430. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106, ದೇಶದ ಯಾವ ಜಿಲ್ಲೆಯಲ್ಲೂ ಅಷ್ಟಿಲ್ಲ. ಅದರ ಮೇಲೆ 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದು 2024-25ರಲ್ಲಿ ಮೂರು ವರ್ಷಕ್ಕೆ ಮರಳಿದ ರಾಜ್ಯ ಅದು. ಮಹಾರಾಷ್ಟ್ರ ಅದೇ ಹೊತ್ತಿಗೆ ನಾಲ್ಕು ವರ್ಷದ ದಾರಿ ಹಿಡಿದಿತ್ತು. ಯಾವ ವರ್ಷ ಸೇರಿದವರಿಗೆ ಯಾವ ನಿಯಮ ಎಂಬುದು ಆರು ತಿಂಗಳು ಈ ಬೀಟಿನಲ್ಲಿದ್ದು ಕ್ರೈಂಗೋ ರಾಜಕೀಯಕ್ಕೋ ಹೋಗುವ ವರದಿಗಾರನಿಗೆ ಹಿಡಿತಕ್ಕೆ ಸಿಗುವುದಿಲ್ಲ. ಒಂದು ತಂಡ ಪ್ರವೇಶ ಪಡೆದು ಪದವಿ ತೆಗೆದುಕೊಂಡು ಹೋಗುವವರೆಗೆ, ಅಂದರೆ ಕನಿಷ್ಠ ಮೂರು ನಾಲ್ಕು ವರ್ಷ, ಒಬ್ಬರನ್ನೇ ಈ ಬೀಟಿನಲ್ಲಿ ಇರಿಸಬೇಕು. ಅವರಿಗೆ ಬಡ್ತಿಯೂ ಇದೇ ಬೀಟಿನಲ್ಲಿ ಸಿಗಬೇಕು.

ಬೀಟ್ ಬದಲಾಗುವ ದಿನ ಹಳಬರು ಹೊಸಬರಿಗೆ ಫೋನ್ ನಂಬರುಗಳನ್ನಷ್ಟೇ ಕೊಟ್ಟು ಹೋಗುತ್ತಾರೆ. ಅದರ ಜೊತೆ ಒಂದು ಫೈಲು ಬೇಕು: ಅನ್ವಯವಾಗುವ ಕಾಯ್ದೆಯ ತಿದ್ದುಪಡಿ ಸೇರಿದ ಪ್ರತಿ, ಕಳೆದ ಮೂರು ವರ್ಷದ ಬಜೆಟ್ ಪುಸ್ತಕ, ಶೈಕ್ಷಣಿಕ ವೇಳಾಪಟ್ಟಿ, ಪ್ರತಿ ಪರೀಕ್ಷೆ ಮುಗಿದ ಮತ್ತು ಫಲಿತಾಂಶ ಬಂದ ತಾರೀಕು, ಬಾಕಿ ಇರುವ ಮಾಹಿತಿ ಹಕ್ಕಿನ ಅರ್ಜಿಗಳು ಮತ್ತು ಮೊದಲ ಮೇಲ್ಮನವಿಯ ಕೊನೆಯ ದಿನ. ಮಾರ್ಚಿನ ಬಜೆಟ್ ಸಭೆಗೆ ಉತ್ತರ ಕೈಯಲ್ಲಿರಬೇಕಾದರೆ ಅರ್ಜಿ ಜನವರಿಯಲ್ಲೇ ಹೋಗಿರಬೇಕು.